ದೂರದಿಂದ ರೇಡಿಯೊ ನಡೆಸುವವರು ಮೊದಲು ನೋಡಬೇಕಾದದ್ದು ನಿಲ್ಲಿಸುವ ದಾರಿ

ರೇಡಿಯೊ ಉಪಕರಣಗಳನ್ನು ಕಂಪ್ಯೂಟರ್ ಮೂಲಕ ದೂರದಿಂದ ನಡೆಸುವುದು, ಅವುಗಳ ಮೇಲೆ ಕಣ್ಣಿಡುವುದು ಹೇಗೆ? ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ. ಎರಡನೆಯ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಕೇಳಿದವರು ಒಬ್ಬರೇ ಆದರೂ ಅದನ್ನು ಎಲ್ಲರೂ ಓದಬೇಕು ಅಂತ ನನ್ನ ಕೋರಿಕೆ.

ಪ್ರಶ್ನೆ: ನನ್ನ ಹತ್ತಿರ ಹಳೆಯ ಎಚ್‌ಎಫ್ ಟ್ರಾನ್ಸ್‌ಸೀವರ್ (ಶಾರ್ಟ್‌ವೇವ್‌ನಲ್ಲಿ ಕಳಿಸುವ, ಕೇಳುವ ಎರಡೂ ಕೆಲಸದ ರೇಡಿಯೊ) ಇದೆ. ಹಿಂಭಾಗದಲ್ಲಿ ಕಂಪ್ಯೂಟರ್‌ಗೆ ಅಂತ ಒಂದು ಪೋರ್ಟ್ ಇದೆ. ಬೇರೆ ಊರಲ್ಲಿ ಕೂತು ಲ್ಯಾಪ್‌ಟಾಪ್‌ನಿಂದ ಇದನ್ನು ನಡೆಸಬಹುದಾ? ಅಥವಾ ಹೊಸ ರಿಗ್ (ರೇಡಿಯೊ ಸೆಟ್) ಕೊಳ್ಳಲೇಬೇಕಾ?

ಕೊಳ್ಳಬೇಕಾಗಿಲ್ಲ. ಆ ಪೋರ್ಟ್ ಕೆಲಸ ಮಾಡುತ್ತಿದ್ದರೆ ಸಾಕು.

ರಿಗ್ ಮತ್ತು ಕಂಪ್ಯೂಟರ್ ಆಡುವ ಮಾತು ತುಂಬಾ ಚಿಕ್ಕದು. ಕೆನ್‌ವುಡ್ ರಿಗ್‌ಗೆ 14.074 ಮೆಗಾಹರ್ಟ್ಸ್‌ಗೆ ಹೋಗು ಅನ್ನಬೇಕಾದರೆ 'ಎಫ್ಎ00014074000;' ಅಂತ ಕಳಿಸಿದರೆ ಆಯಿತು. ಐಕಾಮ್‌ನವರ ಸಿಐ-ವಿ ಭಾಷೆ ಬೇರೆ. ಅಲ್ಲಿ ಅಂಕಿಗಳು ಹಿಂದಿನಿಂದ ಮುಂದಕ್ಕೆ ಬರುತ್ತವೆ. ಅದೇ ಫ್ರೀಕ್ವೆನ್ಸಿ '00 40 07 14 00' ಆಗಿ ಕಾಣುತ್ತದೆ. ಆದೇಶ ಒಪ್ಪಿದರೆ ರಿಗ್ 'ಎಫ್‌ಬಿ' ಅನ್ನುತ್ತದೆ, ಒಪ್ಪದಿದ್ದರೆ 'ಎಫ್ಎ'. ಒಂದೊಂದು ಕಂಪನಿಯದು ಒಂದೊಂದು ಭಾಷೆ ಆದ್ದರಿಂದ ನಡುವೆ ದುಭಾಷಿ ಬೇಕು. ಆ ಕೆಲಸವನ್ನು ಹ್ಯಾಮ್‌ಲಿಬ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಅದರ ಜತೆಗೇ ಬರುವ 'ರಿಗ್‌ಸಿಟಿಎಲ್‌ಡಿ' ಎಂಬ ಸರ್ವರ್ ನಿಮ್ಮ ರಿಗ್ಗನ್ನು ನೆಟ್‌ವರ್ಕ್ ಮೇಲೆ ಕೂರಿಸುತ್ತದೆ, ಪೋರ್ಟ್ 4532ರಲ್ಲಿ (ಇಲ್ಲಿ ಪೋರ್ಟ್ ಅಂದರೆ ನೆಟ್‌ವರ್ಕ್‌ನ ಬಾಗಿಲ ಸಂಖ್ಯೆ). ಆಮೇಲೆ ಲಾಗ್ ಬರೆಯುವ ಪ್ರೋಗ್ರಾಂ, ಡಿಜಿಟಲ್ ಮೋಡ್ ಪ್ರೋಗ್ರಾಂ ಎಲ್ಲವೂ ಅದರ ಜತೆ ಮಾತಾಡಬಹುದು. ಪರದೆಯ ಮೇಲೆ ಗುಂಡಿ, ಮೀಟರ್ ಎಲ್ಲ ಕಾಣಬೇಕು ಅಂದರೆ ಎಫ್‌ಎಲ್‌ರಿಗ್ ನೋಡಿ.

ಒಂದು ಎಚ್ಚರಿಕೆ. ಹಳೆಯ ಎಷ್ಟೋ ರಿಗ್‌ಗಳ ಪೋರ್ಟ್‌ನಲ್ಲಿ ಓಡುವುದು 5 ವೋಲ್ಟ್‌ನ ಸಂಕೇತ. ಕಂಪ್ಯೂಟರ್‌ನ ಹಳೇ ಕಾಲದ ಆರ್‌ಎಸ್-232 ಪೋರ್ಟ್‌ನ ವೋಲ್ಟೇಜ್ ಅದಕ್ಕಿಂತ ಜಾಸ್ತಿ, ಮೈನಸ್ ಕಡೆಗೂ ಹೋಗುತ್ತದೆ. ನಡುವೆ ಪರಿವರ್ತಕ ಇಲ್ಲದೆ ಸುಮ್ನೆ ತಂತಿ ಜೋಡಿಸಿದರೆ ರಿಗ್‌ನ ಒಳಗಿನ ಚಿಪ್ ಸುಟ್ಟುಹೋಗಬಹುದು. ಮ್ಯಾನುಯಲ್‌ನಲ್ಲಿ ಆ ಪುಟ ಓದಿದ ಮೇಲೇ ಕೇಬಲ್ ಕೊಳ್ಳಿ.

ಇನ್ನು ಧ್ವನಿ. ಅದರ ದಾರಿಯೇ ಬೇರೆ. ಆದೇಶಕ್ಕೆ ಕೆಲವೇ ಬೈಟ್ ಸಾಕು, ಧ್ವನಿಗೆ ಸಾಲದು. 48 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ಹಾಗೇ ಕಳಿಸಿದರೆ ಸೆಕೆಂಡಿಗೆ 768 ಕಿಲೋಬಿಟ್ ಬೇಕು. ಧ್ವನಿ ಕುಗ್ಗಿಸುವ ಓಪಸ್ ಕೋಡೆಕ್‌ನಲ್ಲಿ ಕಳಿಸಿದರೆ ಅದರ ಸಣ್ಣ ಪಾಲಿನಲ್ಲೇ ಮಾತು ಚೆನ್ನಾಗಿ ಕೇಳುತ್ತದೆ. ಓಪಸ್ ಬಳಸುವ ಮಂಬಲ್ ಎಂಬ ಮಾತುಕತೆ ತಂತ್ರಾಂಶವನ್ನು ಹವ್ಯಾಸಿ ರೇಡಿಯೊದವರು ಇದಕ್ಕೇ ಬಳಸುವುದುಂಟು. ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ) ಇರುವ ಐಕಾಮ್ ರಿಗ್ ಆಗಿದ್ದರೆ ಈ ತಲೆಬಿಸಿ ಇಲ್ಲ. ಡಬ್ಲ್ಯೂಎಫ್‌ವ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ನಿಯಂತ್ರಣ, ಧ್ವನಿ ಎರಡೂ ಒಟ್ಟಿಗೆ ಬರುತ್ತವೆ.

ಪ್ರಶ್ನೆ: ಕಳೆದ ವಾರ ಮಾತಾಡುತ್ತಿದ್ದಾಗಲೇ ನೆಟ್ ಹೋಯಿತು. ನಾನು ಪಿಟಿಟಿ (ಮಾತಾಡಲು ಒತ್ತಿ ಹಿಡಿಯುವ ಗುಂಡಿ) ಬಿಟ್ಟೆ, ಪರದೆಯಲ್ಲಿ 'ರಿಸೀವ್' ಅಂತಲೇ ಬಂತು. ಆದರೆ ರಿಗ್ ಬಹಳ ಹೊತ್ತು ಪ್ರಸಾರ ಮಾಡುತ್ತಲೇ ಇತ್ತು ಅಂತ ಗೆಳೆಯರು ಆಮೇಲೆ ಹೇಳಿದರು. ಇದು ಹೇಗಾಯಿತು? ಮತ್ತೆ ಆಗದಂತೆ ಏನು ಮಾಡಲಿ?

ಇದನ್ನು ಬರೆದು ಕಳಿಸಿದ್ದಕ್ಕೆ ಥ್ಯಾಂಕ್ಸ್. ಬಹಳ ಜನಕ್ಕೆ ಇದು ಆಗುತ್ತದೆ, ಹೇಳಿಕೊಳ್ಳುವವರು ಕಡಿಮೆ.

ಆಗಿದ್ದು ಇಷ್ಟು. ಪಿಟಿಟಿ ಒತ್ತುವುದು ಒಂದು ಆದೇಶ, ಬಿಡುವುದು ಇನ್ನೊಂದು ಆದೇಶ. ಮೊದಲನೆಯದು ತಲುಪಿತು, ಎರಡನೆಯದು ದಾರಿಯಲ್ಲೇ ಕಳೆದುಹೋಯಿತು. ನಿಲ್ಲಿಸು ಅಂತ ಯಾರೂ ಹೇಳದ ಕಾರಣ ರಿಗ್ ನಿಲ್ಲಿಸಲಿಲ್ಲ. ಸಂಪರ್ಕ ಕಡಿದಿದೆ ಅನ್ನುವುದು ಆ ಕಡೆಯ ಸರ್ವರ್‌ಗಾದರೂ ಗೊತ್ತಾಗಬೇಕಿತ್ತು ಅಲ್ವಾ? ಆಗುವುದಿಲ್ಲ. ಟಿಸಿಪಿ ಅಂದರೆ ಎರಡು ಕಂಪ್ಯೂಟರ್‌ಗಳು ನೆಟ್ ಮೇಲೆ ಮಾತಾಡುವ ಮಾಮೂಲಿ ವಿಧಾನ. ಆ ಸಂಪರ್ಕದಲ್ಲಿ ಒಂದು ಕಡೆ ಸದ್ದಿಲ್ಲದೆ ಮಾಯವಾದರೆ, ಸುಮ್ಮನೆ ಕಾಯುತ್ತಿರುವ ಇನ್ನೊಂದು ಕಡೆಗೆ ಸುಳಿವೇ ಸಿಗುವುದಿಲ್ಲ. ಲಿನಕ್ಸ್‌ನಲ್ಲಿ 'ಇದ್ದೀಯಾ?' ಅಂತ ತಾನಾಗಿ ವಿಚಾರಿಸುವ ಕೀಪ್‌ಅಲೈವ್ ವ್ಯವಸ್ಥೆ ಇದೆ. ಆದರೆ ಪ್ರೋಗ್ರಾಂ ಕೇಳಿಕೊಂಡರೆ ಮಾತ್ರ ಅದು ನಡೆಯುತ್ತದೆ. ಆಗಲೂ ಮೊದಲೇ ಬಂದಿರುವ ಸೆಟ್ಟಿಂಗ್‌ನಲ್ಲಿ ಅದು ವಿಚಾರಿಸುವುದು 7200 ಸೆಕೆಂಡ್ ಆದ ಮೇಲೆ. ಅಂದರೆ ಪೂರ್ತಿ 2 ಗಂಟೆ. ಅಷ್ಟು ಹೊತ್ತು ಯಾವ ಟ್ರಾನ್ಸ್‌ಮಿಟರೂ ಬಾಳುವುದಿಲ್ಲ. ಆ ಫ್ರೀಕ್ವೆನ್ಸಿಯಲ್ಲಿ ತುರ್ತಾಗಿ ಮಾತಾಡಬೇಕಾದ ಇನ್ನೊಬ್ಬರ ಪಾಡೇನು, ಯೋಚಿಸಿ.

ಹಾಗಾಗಿ ಮೊದಲ ತಿದ್ದುಪಡಿ ಇದು: ಒತ್ತಿದ ಪಿಟಿಟಿ ಬಿಡುವ ತನಕ ಹಾಗೇ ಇರಬಾರದು. ಒತ್ತಿರುವಷ್ಟು ಹೊತ್ತೂ ಲ್ಯಾಪ್‌ಟಾಪ್ 'ಇನ್ನೂ ಒತ್ತಿದ್ದೇನೆ' ಅಂತ ಸೆಕೆಂಡಿಗೆ ಕೆಲವು ಸಲ ಹೇಳುತ್ತಿರಬೇಕು. ಒಂದು ಸೆಕೆಂಡ್ ಆ ಮಾತು ಬರದಿದ್ದರೆ ರಿಗ್ ಪಕ್ಕದಲ್ಲಿರುವ ಕಂಪ್ಯೂಟರ್ ತಾನೇ ಪಿಟಿಟಿ ಬಿಡಬೇಕು. ಈ ತೀರ್ಮಾನ ಆಗಬೇಕಾದ್ದು ರಿಗ್ ಇರುವ ಕಡೆ, ನೀವಿರುವ ಕಡೆ ಅಲ್ಲ. ನೀವು ಬಳಸುವ ತಂತ್ರಾಂಶದಲ್ಲಿ ಈ ಸೌಲಭ್ಯ ಇದೆಯಾ ಅಂತ ಮೊದಲು ನೋಡಿ. ಬರೀ ಆದೇಶ ದಾಟಿಸುವ ಸರ್ವರ್ ಇದನ್ನೂ ಮಾಡುತ್ತದೆ ಅಂತ ಊಹಿಸಬೇಡಿ.

ಆ ಕಂಪ್ಯೂಟರೇ ಕೈಕೊಟ್ಟರೆ? ಅದಕ್ಕೇ ರಿಗ್‌ನ ಮೆನುವಿನಲ್ಲಿ ಟೈಮ್-ಔಟ್ ಟೈಮರ್ ಇದೆಯಾ ನೋಡಿ, ಇದ್ದರೆ ಆನ್ ಮಾಡಿ. 3 ನಿಮಿಷಕ್ಕಿಟ್ಟರೆ ಸರಿ. ಅಮೆರಿಕದ ಹವ್ಯಾಸಿ ರೇಡಿಯೊ ನಿಯಮಗಳಲ್ಲೂ ನಿಯಂತ್ರಣದ ಸಂಪರ್ಕ ಕೆಟ್ಟರೆ ಪ್ರಸಾರ 3 ನಿಮಿಷ ಮೀರಬಾರದು ಅಂತಲೇ ಇದೆ. ಕೊನೆಯದಾಗಿ, ರಿಗ್‌ನ ವಿದ್ಯುತ್ತನ್ನೇ ಕಡಿಯುವ ಒಂದು ರಿಲೇ ಹಾಕಿ. ಅದಕ್ಕೆ ಬೇರೆಯದೇ ದಾರಿ ಇರಲಿ. ಮುಖ್ಯ ಸಂಪರ್ಕ ಬ್ರಾಡ್‌ಬ್ಯಾಂಡ್ ಆಗಿದ್ದರೆ ರಿಲೇ ಮೊಬೈಲ್ ಡೇಟಾ ಮೇಲಿರಲಿ. ರಿಲೇಗೆ ಕರೆಂಟ್ ಇಲ್ಲದಿದ್ದಾಗ ರಿಗ್ ಆಫ್ ಆಗಿರುವಂತೆ ವೈರಿಂಗ್ ಮಾಡಿ.

ಯಾರೂ ಒತ್ತದೆಯೂ ರಿಗ್ ಪ್ರಸಾರಕ್ಕೆ ಹೋಗುವುದುಂಟು. ಸೀರಿಯಲ್ ಪೋರ್ಟ್‌ನಲ್ಲಿ ಆರ್‌ಟಿಎಸ್, ಡಿಟಿಆರ್ ಅಂತ ಎರಡು ತಂತಿಗಳಿವೆ. ಪಿಟಿಟಿಗೆ ಇವನ್ನು ಬಳಸುವುದು ಹಳೆಯ ರೂಢಿ. ಕಂಪ್ಯೂಟರ್ ರೀಸ್ಟಾರ್ಟ್ ಆಗುವಾಗ ಅಥವಾ ಯಾವುದೋ ಪ್ರೋಗ್ರಾಂ ಪೋರ್ಟ್ ತೆರೆದಾಗ ಈ ತಂತಿಗಳು ತಾವಾಗಿ ಎದ್ದು ಕೂರುತ್ತವೆ, ರಿಗ್ ಅದನ್ನೇ ಪಿಟಿಟಿ ಅಂದುಕೊಳ್ಳುತ್ತದೆ. ರಾತ್ರಿ ಅಪ್‌ಡೇಟ್ ಆಗಿ ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಸಾಕು. ರಿಗ್‌ನ ಮೆನುವಿನಲ್ಲಿ ಇವೆರಡರಿಂದ ಪ್ರಸಾರ ಶುರುವಾಗದಂತೆ ಮಾಡಿ, ಪಿಟಿಟಿಯನ್ನು ಆದೇಶದ ಮೂಲಕವೇ ಕೊಡಿ.

ತೊಂದರೆ ಒಂದೇ ಬ್ಯಾಂಡ್‌ನಲ್ಲಿ, ಫುಲ್ ಪವರ್‌ನಲ್ಲಿ ಮಾತ್ರ ಬರುತ್ತಿದ್ದರೆ ನೆಟ್ ಮೇಲೆ ತಪ್ಪು ಹೊರಿಸಬೇಡಿ. ಬಹುಶಃ ನಿಮ್ಮದೇ ಪ್ರಸಾರ ಯುಎಸ್‌ಬಿ ಕೇಬಲ್‌ಗೆ ನುಗ್ಗಿ ಚಿಪ್ಪನ್ನು ಹ್ಯಾಂಗ್ ಮಾಡುತ್ತಿದೆ. ಕೇಬಲ್ ಗಿಡ್ಡ ಮಾಡಿ, ಫೆರೈಟ್ ರಿಂಗ್‌ಗೆ ಕೆಲವು ಸುತ್ತು ಸುತ್ತಿ.

ಇಷ್ಟೆಲ್ಲ ಆದ ಮೇಲೆ ಪರೀಕ್ಷೆ ಮಾಡಲೇಬೇಕು. ರಿಗ್ ಪಕ್ಕದಲ್ಲೇ ಕೂತು, ಆಂಟೆನಾ ಬದಲು ಡಮ್ಮಿ ಲೋಡ್ (ಪ್ರಸಾರವನ್ನು ಹೊರಗೆ ಬಿಡದೆ ಶಾಖವಾಗಿಸುವ ಸಾಧನ) ಹಾಕಿ, ಕಡಿಮೆ ಪವರ್‌ನಲ್ಲಿ ಪ್ರಸಾರ ಶುರು ಮಾಡಿ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ರಿಗ್ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಗಡಿಯಾರ ನೋಡಿ. ಆಮೇಲೆ ರೂಟರ್‌ನ ಪ್ಲಗ್ ಕೀಳಿ. ಆಮೇಲೆ ಯುಎಸ್‌ಬಿ ಕೇಬಲ್. ಆಮೇಲೆ ಸರ್ವರ್ ಪ್ರೋಗ್ರಾಂ ಅನ್ನೇ ಕೊಲ್ಲಿ. ನಾಲ್ಕರಲ್ಲಿ ಒಂದು ಸಲ ನಿಲ್ಲದಿದ್ದರೂ ಆ ವ್ಯವಸ್ಥೆ ಇನ್ನೂ ತಯಾರಾಗಿಲ್ಲ.

ನಿಮ್ಮ ಪರದೆಯಲ್ಲಿ 'ರಿಸೀವ್' ಅಂತ ಬಂದದ್ದರ ಬಗ್ಗೆಯೂ ಹೇಳಬೇಕು. ಅದು ರಿಗ್ ಹೇಳಿದ್ದಲ್ಲ. ನೀವು ಗುಂಡಿ ಬಿಟ್ಟಿರಿ ಅನ್ನುವುದನ್ನೇ ಪ್ರೋಗ್ರಾಂ ನಿಮಗೆ ತಿರುಗಿ ತೋರಿಸಿತು. ಒಳ್ಳೆಯ ತಂತ್ರಾಂಶ ಆದೇಶ ಕಳಿಸಿದ ಮೇಲೆ 'ಈಗ ಯಾವ ಸ್ಥಿತಿಯಲ್ಲಿದ್ದೀಯಾ?' ಅಂತ ರಿಗ್ಗನ್ನು ಕೇಳಿ, ಬಂದ ಉತ್ತರವನ್ನು ಪರದೆಗೆ ಹಾಕುತ್ತದೆ. ಉತ್ತರ ಬರದಿದ್ದರೆ ಬಣ್ಣ ಬದಲಿಸಿ 'ಗೊತ್ತಿಲ್ಲ' ಅನ್ನುತ್ತದೆ. ಇದಿಲ್ಲದ ತಂತ್ರಾಂಶ ಎಷ್ಟೇ ಚೆಂದ ಇದ್ದರೂ ಪ್ರಸಾರದ ಕೆಲಸಕ್ಕೆ ಅದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಸಂಪರ್ಕವನ್ನು ಒಳಗಿನ ಕಂಪ್ಯೂಟರ್‌ಗೆ ದಾಟಿಸುವ ಸೆಟ್ಟಿಂಗ್) ಮಾಡಿದೆ. ಆದರೂ ಹೊರಗಿನಿಂದ ಸಂಪರ್ಕ ಸಿಗುತ್ತಿಲ್ಲ. ಎಲ್ಲಿ ತಪ್ಪಿದೆ?

ರೂಟರ್‌ನ ಪುಟದಲ್ಲಿ ಹೊರಗಿನ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮ ಸೇವಾದಾರರು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ. ನಿಮ್ಮ ರೂಟರ್‌ನಲ್ಲಿ ಏನೇ ತೆರೆದರೂ ಅವರ ಕಡೆಯ ಬಾಗಿಲು ಮುಚ್ಚೇ ಇರುತ್ತದೆ.

ನಿಜ ಹೇಳಬೇಕೆಂದರೆ, ಸಂಪರ್ಕ ಸಿಗದೇ ಇದ್ದದ್ದು ಒಳ್ಳೆಯದೇ ಆಯಿತು. ರಿಗ್‌ಸಿಟಿಎಲ್‌ಡಿ ಮಾಮೂಲಿ ಸೆಟ್ಟಿಂಗ್‌ನಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ. ಆ ಪೋರ್ಟ್ ಜಗತ್ತಿಗೆ ತೆರೆದಿದ್ದರೆ ಯಾರು ಬೇಕಾದರೂ ನಿಮ್ಮ ಹೆಸರಲ್ಲಿ ಪ್ರಸಾರ ಶುರು ಮಾಡಬಹುದಿತ್ತು. ಪೋರ್ಟ್ ಫಾರ್ವರ್ಡ್ ತೆಗೆದುಹಾಕಿ, ವಿಪಿಎನ್ (ನೆಟ್ ಮೇಲೆ ನಿಮಗೆ ಮಾತ್ರ ತೆರೆದಿರುವ ಖಾಸಗಿ ದಾರಿ) ಹಾಕಿ. ವೈರ್‌ಗಾರ್ಡ್ ಎಂಬ ವಿಪಿಎನ್ ಹಗುರ, ವೇಗ ಜಾಸ್ತಿ. 2020ರಿಂದ ಅದು ಲಿನಕ್ಸ್ ಕರ್ನಲ್‌ನ ಒಳಗೇ ಇದೆ. ಆದರೆ ಅದಕ್ಕೆ ಒಂದು ಕಡೆಯಾದರೂ ಹೊರಗಿನಿಂದ ಮುಟ್ಟಬಹುದಾದ ವಿಳಾಸ ಬೇಕು. ಅದಿಲ್ಲದಿದ್ದರೆ ಟೇಲ್‌ಸ್ಕೇಲ್ ಅಥವಾ ಝೀರೊಟಿಯರ್ ಬಳಸಿ. ಎರಡೂ ಕಡೆಯವರು ಹೊರಕ್ಕೆ ಹೋಗಿ ನಡುದಾರಿಯಲ್ಲಿ ಸೇರುವ ವ್ಯವಸ್ಥೆ ಇವುಗಳದ್ದು.

ಪ್ರಶ್ನೆ: ನಮ್ಮ ತಂಡ ಬೆಟ್ಟಗಳ ಮೇಲಿನ ಕೆಲವು ರಿಪೀಟರ್‌ಗಳನ್ನು (ಬಂದ ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ಕೇಂದ್ರಗಳನ್ನು) ನೋಡಿಕೊಳ್ಳುತ್ತದೆ. ಮಾನಿಟರಿಂಗ್ ಹಾಕಿದ್ದೇವೆ. ದಿನವಿಡೀ ಎಚ್ಚರಿಕೆಯ ಮೆಸೇಜ್ ಬರುತ್ತಲೇ ಇರುತ್ತವೆ, ಈಗ ಯಾರೂ ನೋಡುವುದೇ ಇಲ್ಲ. ಏನನ್ನು ಅಳೆಯಬೇಕು, ಯಾವುದನ್ನು ಬಿಡಬೇಕು?

ಯಾರೂ ನೋಡದ ಎಚ್ಚರಿಕೆ ಇದ್ದೂ ಇಲ್ಲದಂತೆ. ಮೊದಲು ಸುಳ್ಳು ಎಚ್ಚರಿಕೆಗಳನ್ನು ಕಡಿಮೆ ಮಾಡೋಣ.

ಎಸ್‌ಡಬ್ಲ್ಯೂಆರ್ ಅಂದರೆ ಕಳಿಸಿದ ಪವರ್‌ನಲ್ಲಿ ಎಷ್ಟು ಆಂಟೆನಾ ಕಡೆಯಿಂದ ವಾಪಸ್ ಬರುತ್ತಿದೆ ಅಂತ ತೋರಿಸುವ ಅಂಕಿ. ಅದನ್ನು ಪ್ರಸಾರ ಇರುವಾಗ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಫಾರ್ವರ್ಡ್ ಪವರ್ (ಆಂಟೆನಾ ಕಡೆಗೆ ಹೋಗುವ ಪವರ್) ಸೊನ್ನೆ ಇದ್ದಾಗ ಬರುವ ಅಂಕಿಗೆ ಅರ್ಥವೇ ಇಲ್ಲ, ಎಷ್ಟೋ ಸುಳ್ಳು ಎಚ್ಚರಿಕೆಗಳು ಹುಟ್ಟುವುದು ಅಲ್ಲೇ. ಎಚ್ಚರಿಕೆ ಏಳುವ ಮಿತಿ ಮತ್ತು ಇಳಿಯುವ ಮಿತಿ ಬೇರೆಬೇರೆ ಇರಲಿ. 1.8 ದಾಟಿ ಒಂದು ನಿಮಿಷ ನಿಂತರೆ ಏಳಲಿ, 1.5ಕ್ಕಿಂತ ಕೆಳಗೆ ಬಂದ ಮೇಲೆ ಇಳಿಯಲಿ. ಇಲ್ಲದಿದ್ದರೆ ಗಡಿಯ ಹತ್ತಿರ ಅಂಕಿ ಕುಣಿದಷ್ಟೂ ಸಲ ಮೆಸೇಜ್ ಬರುತ್ತದೆ.

ಎಸ್‌ಡಬ್ಲ್ಯೂಆರ್ 1.5 ಇದ್ದರೆ ವಾಪಸ್ ಬರುವ ಪವರ್ ಶೇ 4. 2 ಆದರೆ ಶೇ 11, 3 ಆದರೆ ಶೇ 25. ಆದರೆ ಮೀಟರ್ ಎಲ್ಲಿದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಕೆಳಗಿನ ಕೋಣೆಯಲ್ಲಿ ಮೀಟರ್, ಮೇಲೆ ಟವರ್‌ನಲ್ಲಿ ಆಂಟೆನಾ, ನಡುವಿನ ಕೊಯಾಕ್ಸ್ ಕೇಬಲ್‌ನಲ್ಲಿ 3 ಡೆಸಿಬೆಲ್ ನಷ್ಟ ಅಂತ ಇಟ್ಟುಕೊಳ್ಳಿ. ಆಂಟೆನಾ ಪೂರ್ತಿ ಕಳಚಿ ಬಿದ್ದರೂ ಕೆಳಗಿನ ಮೀಟರ್ ತೋರಿಸುವುದು ಸುಮಾರು 3. ಹೋಗುವಾಗ ಅರ್ಧ, ಬರುವಾಗ ಅರ್ಧ ಪವರ್ ಕೇಬಲ್‌ನಲ್ಲೇ ಕರಗುತ್ತದೆ. ಕೇಬಲ್‌ಗೆ ನೀರು ಇಳಿದು ನಷ್ಟ ಹೆಚ್ಚಿದರೆ ಮೀಟರ್ ಇನ್ನೂ 'ಚೆನ್ನಾಗಿ' ತೋರಿಸುತ್ತದೆ! ಆದ್ದರಿಂದ ಮಿತಿ ದಾಟಿತಾ ಅಂತ ಮಾತ್ರ ನೋಡಬೇಡಿ. ಪ್ರತಿ ಜಾಗದ ಮಾಮೂಲಿ ಅಂಕಿ ಬರೆದಿಟ್ಟುಕೊಳ್ಳಿ, ಅದು ಯಾವ ಕಡೆಗೆ ಸರಿದರೂ ವಿಚಾರಿಸಿ. ಮಳೆ ಬಂದಾಗ ಏರಿ, ಒಣಗಿದ ಮೇಲೆ ಇಳಿಯುತ್ತಿದ್ದರೆ ಕನೆಕ್ಟರ್‌ಗೆ ನೀರು ಹೋಗುತ್ತಿದೆ ಅಂತಲೇ ಮೊದಲ ಅನುಮಾನ.

ಬ್ಯಾಟರಿಯ ವೋಲ್ಟೇಜನ್ನು ಪ್ರಸಾರ ನಡೆಯುವಾಗ ಮತ್ತು ನಡೆಯದಿರುವಾಗ ಬೇರೆಬೇರೆಯಾಗಿ ದಾಖಲಿಸಿ. ಇವೆರಡರ ಅಂತರ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಬ್ಯಾಟರಿ ಮುದಿಯಾಗಿದೆ, ಇಲ್ಲವೇ ಎಲ್ಲೋ ಒಂದು ಜೋಡಣೆ ಸಡಿಲಾಗಿದೆ.

ಎಲ್ಲರೂ ಟ್ರಾನ್ಸ್‌ಮಿಟರ್ ನೋಡುತ್ತಾರೆ, ರಿಸೀವರ್ ನೋಡುವವರಿಲ್ಲ. ಕಿವುಡಾದ ರಿಪೀಟರ್‌ನ ಅಂಕಿಗಳೆಲ್ಲ ಹಸಿರಾಗೇ ಇರುತ್ತವೆ, ಏಕೆಂದರೆ ಅದು ಪ್ರಸಾರವನ್ನೇ ಮಾಡುತ್ತಿಲ್ಲ. ದಿನಕ್ಕೆ ಎಷ್ಟು ಸಲ ಸ್ಕ್ವೆಲ್ಚ್ (ಸಿಗ್ನಲ್ ಬಂದಾಗ ಮಾತ್ರ ತೆರೆಯುವ ಧ್ವನಿಯ ಬಾಗಿಲು) ತೆರೆಯಿತು ಅನ್ನುವ ಲೆಕ್ಕ ಇಟ್ಟರೆ ಇದು ಸಿಕ್ಕಿಬೀಳುತ್ತದೆ. ಇನ್ನೂ ಒಳ್ಳೆಯದು, ಸ್ವಲ್ಪ ದೂರದಲ್ಲಿ ಒಂದು ಅಗ್ಗದ ಎಸ್‌ಡಿಆರ್ (ತಂತ್ರಾಂಶದಿಂದ ನಡೆಯುವ) ರಿಸೀವರ್ ಇಟ್ಟು ರಿಪೀಟರ್‌ನ ದನಿ ಕೇಳಿಸುವುದು. ರಿಪೀಟರ್ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕಿಂತ ಹೊರಗಿನ ಕಿವಿಯನ್ನು ನಾನು ಹೆಚ್ಚು ನಂಬುತ್ತೇನೆ.

ಉಪಕರಣಗಳಲ್ಲಿ ಎಸ್‌ಎನ್‌ಎಂಪಿ (ನೆಟ್‌ವರ್ಕ್ ಮೂಲಕ ಉಪಕರಣದ ಸ್ಥಿತಿ ವಿಚಾರಿಸುವ ವಿಧಾನ) ಇದ್ದರೆ ಝಾಬಿಕ್ಸ್‌ನಂಥ ಮಾನಿಟರಿಂಗ್ ತಂತ್ರಾಂಶಕ್ಕೆ ಸೇರಿಸಿ. ಉಪಕರಣ ತಾನಾಗಿ ಕಳಿಸುವ ಟ್ರ್ಯಾಪ್ ಮೆಸೇಜ್‌ಗಳು ತಲುಪಿತಾ ಅಂತ ನೋಡದ ಯುಡಿಪಿಯಲ್ಲಿ ಬರುತ್ತವೆ, ದಾರಿಯಲ್ಲಿ ಕಳೆದುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ನೀವೇ ನಿಮಿಷಕ್ಕೊಮ್ಮೆ ಕೇಳುವ ವ್ಯವಸ್ಥೆಯೂ ಇರಲಿ. ಉತ್ತರ ಬರದೇ ಹೋದರೆ ಅದೂ ಒಂದು ಎಚ್ಚರಿಕೆಯೇ ಆಗಲಿ. ಎಸ್‌ಎನ್‌ಎಂಪಿಯ 2ನೇ ಆವೃತ್ತಿಯಲ್ಲಿ ಗುಪ್ತಪದ ಬಹಿರಂಗವಾಗೇ ಓಡಾಡುತ್ತದೆ. 3ನೆಯದನ್ನೇ ಬಳಸಿ.

ಪ್ರಶ್ನೆ: ದೂರದ ರಿಗ್‌ನಲ್ಲಿ ಎಫ್‌ಟಿ8 (ಕಂಪ್ಯೂಟರ್‌ನಿಂದ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ಮೋಡ್) ಮಾಡುತ್ತೇನೆ. ಎಲ್ಲ ಸಿಗ್ನಲ್ ಕೇಳುತ್ತದೆ, ಆದರೆ ಡಿಕೋಡ್ ಆಗುವುದು ಸ್ವಲ್ಪವೇ. ಯಾಕೆ?

ಧ್ವನಿಯನ್ನು ನೆಟ್ ಮೇಲೆ ತಂದು ಇಲ್ಲಿ ಡಿಕೋಡ್ ಮಾಡುತ್ತಿದ್ದೀರಿ ಅಂತ ಕಾಣುತ್ತದೆ. ಎಫ್‌ಟಿ8 ಪ್ರತಿ 15 ಸೆಕೆಂಡಿನ ಸರದಿಯಲ್ಲಿ ನಡೆಯುತ್ತದೆ, ಗಡಿಯಾರ ಸುಮಾರು ಒಂದು ಸೆಕೆಂಡಿನೊಳಗೆ ಹೊಂದಿಕೆಯಾಗಬೇಕು. ಧ್ವನಿ ತಡವಾಗಿ ಬಂದರೆ ಆ ಸಮಯ ಅಲ್ಲೇ ಖರ್ಚಾಗುತ್ತದೆ. ಜತೆಗೆ ಧ್ವನಿ ಕುಗ್ಗಿಸುವ ಕೋಡೆಕ್ ಮನುಷ್ಯರ ಕಿವಿಗಾಗಿ ಮಾಡಿದ್ದು, ಗದ್ದಲದ ಅಡಿಯಲ್ಲಿರುವ ಸಣ್ಣ ಸಿಗ್ನಲ್ಲನ್ನು ಅದು ಎಸೆದುಬಿಡಬಹುದು. ಎಫ್‌ಟಿ8 ನಡೆಸುವ ಪ್ರೋಗ್ರಾಂ ಡಬ್ಲ್ಯೂಎಸ್‌ಜೆಟಿ-ಎಕ್ಸ್ ಅನ್ನು ರಿಗ್ ಪಕ್ಕದ ಕಂಪ್ಯೂಟರ್‌ನಲ್ಲೇ ಓಡಿಸಿ, ಪರದೆಯನ್ನು ಮಾತ್ರ ದೂರದಿಂದ ನೋಡಿ.

ಪ್ರಶ್ನೆ: ನನ್ನ ಲೈಸೆನ್ಸ್ ಒಂದು ದೇಶದ್ದು, ಬಳಸಬೇಕೆಂದಿರುವ ರಿಗ್ ಇನ್ನೊಂದು ದೇಶದಲ್ಲಿದೆ. ಪ್ರಸಾರ ಮಾಡಬಹುದಾ?

ರೇಡಿಯೊ ಅಲೆ ಹೊರಡುವುದು ಎಲ್ಲಿಂದಲೋ ಆ ದೇಶದ ನಿಯಮ ಮೊದಲು ಬರುತ್ತದೆ. ನೀವು ಕೂತಿರುವ ದೇಶಕ್ಕೂ ತನ್ನದೇ ಷರತ್ತು ಇರಬಹುದು. ಅತಿಥಿಯಾಗಿ ಬಂದವರಿಗೆ ಕೊಡುವ ಅನುಮತಿ ನೆಟ್ ಮೂಲಕ ನಡೆಸುವವರಿಗೂ ಸಿಗುತ್ತದೆ ಅಂತ ಅಂದುಕೊಳ್ಳಬೇಡಿ. ರಿಗ್ ಇರುವ ದೇಶದ ಲೈಸೆನ್ಸ್ ಕಚೇರಿಗೆ ಬರೆದು, ಲಿಖಿತ ಉತ್ತರ ತರಿಸಿಕೊಳ್ಳಿ. ಅದು ಬರುವ ತನಕ ಆ ರಿಗ್‌ನಲ್ಲಿ ನಿಮ್ಮ ಲಾಗಿನ್‌ಗೆ ಕೇಳುವ ಅವಕಾಶ ಮಾತ್ರ ಇರುವಂತೆ ಮಾಡಿಸಿಕೊಳ್ಳಿ.