ಆಟದಂಗಳ: ಗೆರೆ ಗಾಡಿಯ ಬಗ್ಗೆ ನಿಮ್ಮ ಪ್ರಶ್ನೆ, ಪಿ.ಟಿ. ಟೀಚರ್ ಉತ್ತರ

ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳ ಕಾಲ ಬಂತು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೈದಾನಕ್ಕೆ ಗೆರೆ ಹಾಕುವುದರ ಬಗ್ಗೆಯೇ ಇವೆ. ನನಗೆ ಸಂತೋಷ. ತಿಪಟೂರು ಸೀಮೆಯ ಹಳ್ಳಿ ಶಾಲೆಗಳಲ್ಲಿ 31 ವರ್ಷ ಪಿ.ಟಿ. ಟೀಚರ್ ಆಗಿದ್ದವಳು ನಾನು. ಮೊದಲ ಹತ್ತು ವರ್ಷ ತೂತು ಹೊಡೆದ ಹಾಲಿನ ಪುಡಿ ಡಬ್ಬ ಹಿಡಿದು ಸೊಂಟ ಬಗ್ಗಿಸಿಕೊಂಡೇ ಗೆರೆ ಹಾಕಿದ್ದೇನೆ. ಆಮೇಲೆ ಗಾಲಿಯ ಮೇಲೆ ಉರುಳಿಸಿಕೊಂಡು ಹೋಗುವ ಗಾಡಿ ಬಂತು. ಎರಡರ ಕಷ್ಟಸುಖವೂ ಗೊತ್ತು.

ದಾನಿಗಳೊಬ್ಬರು ನಮ್ಮ ಶಾಲೆಗೆ ಗೆರೆ ಹಾಕುವ ಯಂತ್ರ ಕೊಡಿಸಿದ್ದಾರೆ. ಅದಕ್ಕೆ ಗೋಡೆಗೆ ಬಳಿಯುವ ಸುಣ್ಣದ ಪುಡಿಯನ್ನೇ ತುಂಬಬಹುದೇ? ಅಗ್ಗವಾಗಿ ಸಿಗುತ್ತದೆ.
— ಸಹಶಿಕ್ಷಕ, ಹಿರಿಯೂರು ತಾಲ್ಲೂಕು

ಬೇಡ. ದಯವಿಟ್ಟು ಬೇಡ.

ಒಂದು ಹೋಬಳಿ ಕೂಟದಲ್ಲಿ ಕಬಡ್ಡಿ ಅಂಕಣಕ್ಕೆ ಬೆಳಿಗ್ಗೆ ಆರೂವರೆಗೆ ಎದ್ದು ಗೆರೆ ಹಾಕಿದವಳು ನಾನು. ಹಾಕಿದ್ದು ಅರಳಿದ ಸುಣ್ಣ. ರಾತ್ರಿ ಸೋನೆ ಬಂದು ನೆಲ ತೇವವಾಗಿತ್ತು. ಏಳನೇ ತರಗತಿಯ ಒಬ್ಬ ಹುಡುಗಿ ರೈಡ್ ಹೋದಳು, ನಾಲ್ಕು ಜನ ಹಿಡಿದರು, ಮುಖ ಅಡಿಯಾಗಿ ಗೆರೆಯ ಮೇಲೇ ಬಿದ್ದಳು. ಎದ್ದವಳು ಬೆವರಿನ ಕೈಯಲ್ಲಿ ಕಣ್ಣು ಉಜ್ಜಿಕೊಂಡಳು. ಆಮೇಲೆ ಅವಳು ಕೂಗಿದ ಕೂಗು ನನಗೆ ಇವತ್ತಿಗೂ ಕೇಳಿಸುತ್ತದೆ. ಬಿಸಿಯೂಟದ ಕೋಣೆಯಿಂದ ಎರಡು ಕೊಡ ನೀರು ತರಿಸಿ, ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ರೆಪ್ಪೆ ಬಿಡಿಸಿ ಹುಯ್ಯುತ್ತಲೇ ಇದ್ದೆ. ಕಣ್ಣು ಉಳಿಯಿತು. ಒಂದು ತಿಂಗಳು ಕಪ್ಪು ಕನ್ನಡಕ ಹಾಕಿಕೊಂಡು ಶಾಲೆಗೆ ಬಂದಳು. ಅಂದಿನಿಂದ ನಾನು ಸುಣ್ಣ ಮುಟ್ಟಿಲ್ಲ.

ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅರಳಿ ತಣ್ಣಗಾದ ಮೇಲೆ ಇನ್ನೇನು ಭಯ ಎಂದುಕೊಳ್ಳುತ್ತೇವೆ. ಅರಳಿದ ಸುಣ್ಣವೂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಗಟ್ಟಿ ಕ್ಷಾರ. ನೀರು ಸೇರಿದರೆ ಅದರ ಪಿಎಚ್ 12 ದಾಟುತ್ತದೆ. ಕಣ್ಣೀರೂ ಬೆವರೂ ನೀರೇ ಅಲ್ಲವೇ? ಕ್ಷಾರ ಕಣ್ಣಿನ ಮೇಲ್ಪದರದಲ್ಲಿ ನಿಲ್ಲುವುದಿಲ್ಲ, ಒಳಕ್ಕೆ ಇಳಿಯುತ್ತಾ ಹೋಗುತ್ತದೆ. "ಎಲೆ ಅಡಿಕೆಗೆ ಹಚ್ಚಿ ತಿನ್ನುತ್ತೇವಲ್ಲ ಟೀಚರ್" ಎಂದು ವಾದಿಸುವವರು ಪ್ರತಿ ಸಲವೂ ಒಬ್ಬರು ಇರುತ್ತಾರೆ. ಅದೇ ಎಲೆಗೆ ಸುಣ್ಣ ಒಂದು ಚಿಟಿಕೆ ಹೆಚ್ಚಾದರೆ ಬಾಯಿ ಬೆಂದುಹೋಗುವುದೂ ಅವರಿಗೆ ಗೊತ್ತಿರುತ್ತದೆ.

ನಿಮಗೆ ಬೇಕಾದದ್ದು ಚಾಕ್ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅಂಗಡಿಯವರು ಎರಡಕ್ಕೂ "ಬಿಳಿ ಪುಡಿ" ಎಂದೇ ಹೇಳುತ್ತಾರೆ, ಚೀಲದ ಮೇಲೆ ಹೆಸರೂ ಇರುವುದಿಲ್ಲ. ನಾನು ಪರೀಕ್ಷಿಸುವುದು ಹೀಗೆ: ಒಂದು ತಟ್ಟೆಯಲ್ಲಿ ಅರಿಶಿನ ಕಲಸಿ, ಪುಡಿಯನ್ನು ನೀರಲ್ಲಿ ಕದಡಿ ಎರಡು ತೊಟ್ಟು ಬಿಡಿ. ಸುಣ್ಣವಾದರೆ ಕೆಂಪಾರತಿಯ ನೀರಿನ ಹಾಗೆ ತಟ್ಟನೆ ರಕ್ತಗೆಂಪಾಗುತ್ತದೆ. ಚಾಕ್ ಆದರೆ ಹಾಗೆ ತಿರುಗುವುದಿಲ್ಲ. ಕೆಂಪಾದ ಚೀಲವನ್ನು ಹಿಂದಕ್ಕೆ ಕಳಿಸಿಬಿಡಿ.

ಯಾವುದೇ ಪುಡಿ ಕಣ್ಣಿಗೆ ಬಿದ್ದರೂ ಉಜ್ಜಲು ಬಿಡಬೇಡಿ. ಶುದ್ಧ ನೀರನ್ನು ಕನಿಷ್ಠ 15 ನಿಮಿಷ ಹರಿಯ ಬಿಡಿ, ಗಡಿಯಾರ ನೋಡಿಕೊಂಡೇ ಬಿಡಿ. ಸುಣ್ಣವಾದರೆ ಅದಾದ ಮೇಲೂ ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಯಂತ್ರ ಕೊಳ್ಳುವಷ್ಟು ಹಣ ನಮ್ಮಲ್ಲಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದೇ?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ, ಕಡೂರು

ಧಾರಾಳವಾಗಿ. ನಮ್ಮದೂ ಹಾಗೇ ಆದದ್ದು. ವೆಲ್ಡಿಂಗ್ ಹುಡುಗನಿಗೆ "ಕೂರಿಗೆ ಗೊತ್ತಲ್ಲ, ಬೀಜದ ಬದಲು ಪುಡಿ" ಎಂದೆ. ಅಷ್ಟಕ್ಕೇ ಅವನಿಗೆ ಅರ್ಥವಾಯಿತು. ಕೂರಿಗೆಯಲ್ಲಿ ಎತ್ತು ಎಳೆಯುತ್ತದೆ, ಬಟ್ಟಲಿಗೆ ಬೀಜ ಬಿಡುವವಳ ಕೈ ಹದವಾಗಿರಬೇಕು. ಗೆರೆ ಗಾಡಿಯಲ್ಲಿ ಆ ಕೈಯ ಕೆಲಸವನ್ನು ಗಾಲಿಯ ಅಚ್ಚು ಮಾಡುತ್ತದೆ.

ತಗಡಿನ ಪೆಟ್ಟಿಗೆ, ಕೆಳಕ್ಕೆ ಬಂದ ಹಾಗೆ ಕಿರಿದಾಗುತ್ತಾ ಬರಬೇಕು. ತಳದಲ್ಲಿ ಸರಿಯಾಗಿ 5 ಸೆಂ.ಮೀ. ಅಗಲದ ಕಂಡಿ, ಅದಕ್ಕೆ ಜರಡಿಯ ಬಲೆ. ಬಲೆಯ ಮೇಲೆ ಒಂದು ಗಟ್ಟಿ ಕುಂಚ, ಪೈಪು ತೊಳೆಯುವ ದುಂಡು ಬ್ರಷ್ಷಾದರೂ ನಡೆಯುತ್ತದೆ. ಆ ಬ್ರಷ್ಷನ್ನು ಗಾಲಿಯ ಅಚ್ಚಿಗೇ ಕಟ್ಟಿರಬೇಕು. ಗಾಲಿ ತಿರುಗಿದಾಗ ಮಾತ್ರ ಬ್ರಷ್ಷು ತಿರುಗಿ ಪುಡಿಯನ್ನು ಬಲೆಯಿಂದ ಕೆಳಗೆ ತಳ್ಳುತ್ತದೆ. ನೀವು ನಿಂತರೆ ಅದೂ ನಿಲ್ಲುತ್ತದೆ. ಇದೊಂದು ಸರಿಯಿದ್ದರೆ ಗಾಡಿ ಸರಿ. ಮೊದಲ ಸಲ ನಮ್ಮವನು ಬ್ರಷ್ಷನ್ನು ಬೇರೆ ಕೈಹಿಡಿಗೆ ಜೋಡಿಸಿಬಿಟ್ಟಿದ್ದ. ತಳ್ಳುವವರು ಒಬ್ಬರು, ತಿರುಗಿಸುವವರು ಇನ್ನೊಬ್ಬರು. ಗೆರೆ ಹಾವು ಹಂದಿಯನ್ನು ನುಂಗಿದ ಹಾಗೆ ಅಲ್ಲಲ್ಲಿ ಉಬ್ಬಿತ್ತು. ಬಿಚ್ಚಿ ಮತ್ತೆ ಮಾಡಿಸಿದೆವು.

ಗಾಲಿಗಳು ಕಂಡಿಯ ದಾರಿಯಿಂದ ಆಚೆ ಇರಲಿ. ಇಲ್ಲದಿದ್ದರೆ ಹಾಕಿದ ಗೆರೆಯನ್ನು ತಾನೇ ತುಳಿಯುತ್ತದೆ. ಗಾಳಿಗೆ ಪುಡಿ ಹಾರದಂತೆ ಕಂಡಿಯ ಎರಡೂ ಪಕ್ಕ ಹಳೇ ಟ್ಯೂಬಿನ ರಬ್ಬರ್ ಇಳಿಬಿಡಿ, ನೆಲಕ್ಕೆ ಒಂದು ಬೆರಳು ಮೇಲೆ ನಿಲ್ಲುವಂತೆ. ಮುಂದುಗಡೆ ಒಂದು ಕಂಬಿಯನ್ನು ಮೊನಚು ಮಾಡಿ, ಗೆರೆಯ ಗುರುತಿಗೆ ಎಳೆದು ಕಟ್ಟಿದ ಹಗ್ಗದ ಮೇಲೆ ಸಾಗುವಂತೆ ಬಗ್ಗಿಸಿ. ತಳ್ಳುವಾಗ ಕಣ್ಣು ಕಂಡಿಯ ಮೇಲಿದ್ದರೆ ಕೈ ನಡುಗುತ್ತದೆ. ಎಂಟು ಹತ್ತು ಮೀಟರ್ ಮುಂದೆ ಹಗ್ಗ ನೋಡುತ್ತಾ ಒಂದೇ ಹದದಲ್ಲಿ ನಡೆಯಿರಿ.

ಅರ್ಧ ಮೈದಾನ ಮುಗಿಯುವಷ್ಟರಲ್ಲಿ ಪುಡಿ ಬೀಳುವುದೇ ನಿಂತುಹೋಗುತ್ತದೆ. ಏಕೆ?
— ದೈಹಿಕ ಶಿಕ್ಷಕಿ, ಸಾಗರ

ನಿಮ್ಮ ಕಡೆ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಪುಡಿ ಕೇಳಬೇಕೇ. ತೇವ ಕುಡಿದು ಬಲೆಗೆ ಮೆತ್ತಿಕೊಳ್ಳುತ್ತದೆ. ಹಿಂದಿನ ದಿನ ಬಿಸಿಲಿಗೋ ಒಲೆಯ ಪಕ್ಕಕ್ಕೋ ಹರಡಿ ಒಣಗಿಸಿ, ಜರಡಿ ಹಿಡಿದು, ಮುಚ್ಚಳದ ಡ್ರಮ್ಮಿನಲ್ಲಿಡಿ. ಪೆಟ್ಟಿಗೆಯನ್ನು ಕಂಠಮಟ್ಟ ತುಂಬಬೇಡಿ.

200 ಮೀಟರ್ ಟ್ರ್ಯಾಕಿಗೆ ಗೆರೆ ಹಾಕಬೇಕು. ಅಳತೆ ತಿಳಿಸಿ. 2ನೇ ಲೇನಿನ ಸ್ಟ್ಯಾಗರ್ (ಓಟ ಶುರುವಾಗುವಾಗ ಹೊರ ಲೇನಿನವರನ್ನು ಮುಂದೆ ನಿಲ್ಲಿಸುವ ಅಂತರ) 7.04 ಮೀಟರ್ ಎಂದು ಒಬ್ಬರು, 7.67 ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?
— ದೈಹಿಕ ಶಿಕ್ಷಕ, ಶಿಗ್ಗಾವಿ

ಈ ಪ್ರಶ್ನೆ ಕೇಳಿದ್ದಕ್ಕೆ ನಿಮ್ಮ ಮಕ್ಕಳ ಪರವಾಗಿ ನನ್ನ ನಮಸ್ಕಾರ.

ಎರಡು ನೇರ ಭಾಗ ತಲಾ 40 ಮೀಟರ್ ಇಟ್ಟುಕೊಳ್ಳಿ, 80 ಆಯಿತು. ಉಳಿದ 120 ಮೀಟರ್ ಎರಡೂ ತುದಿಯ ಅರ್ಧವೃತ್ತ ಸೇರಿ ಒಂದು ಪೂರ್ತಿ ವೃತ್ತ. 120ನ್ನು 6.2832ರಿಂದ ಭಾಗಿಸಿ, 19.10 ಬರುತ್ತದೆ. ಇದು ಮಗುವಿನ ಹೆಜ್ಜೆ ಬೀಳುವ ದಾರಿಯ ತ್ರಿಜ್ಯ, ಗೆರೆಯದ್ದಲ್ಲ. ಬರೀ ಗೆರೆ ಇರುವ ಕಡೆ ಓಟದ ದೂರವನ್ನು ಗೆರೆಯಿಂದ 20 ಸೆಂ.ಮೀ. ಆಚೆಗೆ ಅಳೆಯುತ್ತಾರೆ. ಆದ್ದರಿಂದ ನೀವು ಗೆರೆ ಹಾಕಬೇಕಾದ್ದು 18.90 ಮೀಟರ್ ತ್ರಿಜ್ಯಕ್ಕೆ. ಲೇನಿನ ಅಗಲ 1.22. ಆರು ಲೇನಿಗೆ ಸುಮಾರು 92.5 ಮೀಟರ್ ಉದ್ದ, 52.5 ಮೀಟರ್ ಅಗಲದ ಜಾಗ ಬೇಕು. ಸುತ್ತ ಬಿಡುವ ಜಾಗ ಬೇರೆ.

ಈಗ ಸ್ಟ್ಯಾಗರ್. ದೊಡ್ಡ ಸ್ಟೇಡಿಯಂಗಳಲ್ಲಿ ಒಳಗಡೆ ಎತ್ತರಿಸಿದ ಅಂಚುಕಟ್ಟೆ ಇರುತ್ತದೆ. ಕಟ್ಟೆ ಇದ್ದಾಗ 1ನೇ ಲೇನನ್ನು 30 ಸೆಂ.ಮೀ. ಆಚೆಗೆ ಅಳೆಯುತ್ತಾರೆ, ಮಿಕ್ಕ ಲೇನುಗಳನ್ನು 20ಕ್ಕೆ. ಆ 10 ಸೆಂ.ಮೀ. ವ್ಯತ್ಯಾಸದಿಂದಲೇ ಅಲ್ಲಿ 2ನೇ ಲೇನಿಗೆ 7.04, ಆಮೇಲಿನ ಪ್ರತಿ ಲೇನಿಗೂ 7.67ರಂತೆ ಸೇರುತ್ತಾ ಹೋಗುತ್ತದೆ. ನಿಮ್ಮ ಮೈದಾನದಲ್ಲಿ ಕಟ್ಟೆ ಇಲ್ಲ, ಎಲ್ಲ ಲೇನಿಗೂ 20 ಸೆಂ.ಮೀ. ಹಾಗಾಗಿ 2ನೇ ಲೇನಿಗೂ 7.67ಯೇ ಸರಿ: 1.22 ಗುಣಿಸು 6.2832. ಪುಸ್ತಕದ 7.04ನ್ನು ಹಾಗೇ ನಕಲು ಮಾಡಿದರೆ 2ನೇ ಲೇನಿನಿಂದ ಆಚೆಯ ಮಕ್ಕಳೆಲ್ಲ 63 ಸೆಂ.ಮೀ. ಹೆಚ್ಚು ಓಡುತ್ತಾರೆ. ಒಂದು ಎದೆಯಷ್ಟು ಅಂತರದಲ್ಲಿ ಸೋತ ಮಗುವಿಗೆ ಅದು ಎಷ್ಟು ದೊಡ್ಡ ಅನ್ಯಾಯ ಯೋಚಿಸಿ. ಇನ್ನೊಂದು ಮಾತು, ಪೂರ್ತಿ ಒಂದು ಸುತ್ತಿನ ಓಟಕ್ಕೆ ಈ 7.67 ಟ್ರ್ಯಾಕ್ ಸಣ್ಣದಿರಲಿ ದೊಡ್ಡದಿರಲಿ ಬದಲಾಗುವುದಿಲ್ಲ. ಅದು ಲೇನಿನ ಅಗಲಕ್ಕೆ ಮಾತ್ರ ಕಟ್ಟುಬಿದ್ದದ್ದು. 31 ವರ್ಷ ಪಾಠ ಮಾಡಿದರೂ ಈ ಲೆಕ್ಕ ನನಗೆ ಇವತ್ತಿಗೂ ಸೋಜಿಗವೇ.

ಹಗ್ಗದ ವಿಷಯ. ಗೂಟಕ್ಕೆ ನೈಲಾನ್ ಹಗ್ಗ ಕಟ್ಟಿ ಅರ್ಧವೃತ್ತ ಸುತ್ತಬೇಡಿ. ಎಳೆದಷ್ಟೂ ಹಿಗ್ಗುತ್ತದೆ. ತ್ರಿಜ್ಯ 10 ಸೆಂ.ಮೀ. ಹಿಗ್ಗಿದರೆ ಒಂದು ಸುತ್ತಿಗೆ 63 ಸೆಂ.ಮೀ. ಹೆಚ್ಚಾಯಿತು. ನಮ್ಮ ಕಡೆ ತೆಂಗಿನ ನಾರಿನ ಹಗ್ಗಕ್ಕೆ ಬರವಿಲ್ಲ, ಆದರೂ ಅಳತೆಗೆ ಅದೂ ಆಗದು. ಸ್ಟೀಲ್ ಟೇಪನ್ನೇ ಗೂಟಕ್ಕೆ ಸಿಕ್ಕಿಸಿ, ಎರಡು ಮೂರು ಹೆಜ್ಜೆಗೊಂದು ಗುರುತು ಮಾಡಿ, ಗಾಡಿಯನ್ನು ಆ ಗುರುತುಗಳ ಮೇಲೆ ಉರುಳಿಸಿ. ಅಳತೆ ಬರುವುದು ಗೆರೆಯ ಹೊರ ಅಂಚಿಗೆ, 5 ಸೆಂ.ಮೀ. ದಪ್ಪ ಒಳಕ್ಕೆ. ಎಲ್ಲ ಲೇನಿಗೂ ಇದೇ.

ಆರು ಲೇನಿಗೆ ಏಳು ಗೆರೆ, ಒಟ್ಟು ಸುಮಾರು 1550 ಮೀಟರ್. ಒಂದು ಮಿ.ಮೀ. ದಪ್ಪ ಬಿದ್ದರೆ 78 ಲೀಟರ್‌ನಷ್ಟು ಪುಡಿ, ದೊಡ್ಡ ಬಕೆಟ್ಟಿನಲ್ಲಿ ನಾಲ್ಕೂವರೆ. ಡಬ್ಬ ಹಿಡಿದರೆ ಒಂದೂವರೆ ಕಿಲೋಮೀಟರ್ ಬಗ್ಗಿ ನಡೆಯಬೇಕು. ಗಾಡಿ ಬೇಕು ಅನ್ನುವುದು ಇದಕ್ಕೇ.

ಅಂಕಣದ ಮೂಲೆ ನೇರವಾಗಿದೆಯೇ ಎಂದು ತಿಳಿಯುವುದು ಹೇಗೆ?
— ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಮಧುಗಿರಿ

ಮೂಲೆಯಿಂದ ಒಂದು ಕಡೆ 3 ಮೀಟರ್, ಇನ್ನೊಂದು ಕಡೆ 4 ಮೀಟರ್ ಗುರುತಿಸು ಮಗಳೇ. ಆ ಎರಡು ಗುರುತಿನ ನಡುವೆ 5 ಮೀಟರ್ ಬಂದರೆ ಮೂಲೆ ನೇರ. ನಾಲ್ಕೂ ಮೂಲೆ ಆದ ಮೇಲೆ ಕರ್ಣ ಅಳೆ, ಎರಡೂ ಒಂದೇ ಇರಬೇಕು. 18 × 9ರ ವಾಲಿಬಾಲ್ ಅಂಕಣಕ್ಕೆ 20.12 ಮೀಟರ್, ಗಂಡಸರ ಕಬಡ್ಡಿಯ 13 × 10ಕ್ಕೆ 16.40. ನಿಮ್ಮ ಗಣಿತದ ಮೇಷ್ಟ್ರಿಗೆ ತೋರಿಸು, ಖುಷಿಪಡುತ್ತಾರೆ.

ಗುಂಡು ಎಸೆತದ ಸೆಕ್ಟರ್ (ಗುಂಡು ಬೀಳಬೇಕಾದ ಜಾಗ) ಕೋನ 34.92 ಡಿಗ್ರಿ. ಕೋನಮಾಪಕವಿಲ್ಲದೆ ಗೆರೆ ಹಾಕಲಾಗುತ್ತದೆಯೇ?
— ಕ್ರೀಡಾ ಸಂಘದ ಯುವಕ, ಕೊಪ್ಪಳ

ಆಗುತ್ತದೆ. ಎಸೆಯುವ ವೃತ್ತದ ನಡುವಿನಿಂದ 20 ಮೀಟರ್‌ನ ಎರಡು ಟೇಪು ಬಿಡಿ. ಅವುಗಳ ತುದಿಗಳ ನಡುವೆ ಸರಿಯಾಗಿ 12 ಮೀಟರ್ ಇರಲಿ. ಕೋನ ತಾನಾಗಿ ಕೂರುತ್ತದೆ. ಜಾಗ ಸಣ್ಣದಾದರೆ 10 ಮತ್ತು 6.

ಮಳೆ ಬಂದರೆ ಗೆರೆ ತೊಳೆದು ಹೋಗುತ್ತದೆ. ನಮ್ಮಲ್ಲಿ ಕೆಲವರು ಹಳೇ ಎಂಜಿನ್ ಆಯಿಲ್ ಸುರಿದು ಗೆರೆ ಹಾಕುತ್ತಾರೆ. ಸರಿಯೇ?
— ಪೋಷಕರು, ಸಕಲೇಶಪುರ

ಸರಿಯಲ್ಲ. ಮಕ್ಕಳು ಬರಿಗಾಲಲ್ಲಿ ಓಡುವ, ಬಿದ್ದು ಹೊರಳಾಡುವ ನೆಲ ಅದು. ಆ ಎಣ್ಣೆ ಚರ್ಮಕ್ಕೂ ಕೇಡು, ಮಣ್ಣಿಗೂ ಕೇಡು. ಹುಲ್ಲು ಮೈದಾನವಾದರೆ ನೀರಿನ ಬಣ್ಣದ ಗಾಡಿ ಇದೆ. ತೊಟ್ಟಿಯೊಳಗೆ ಒಂದು ಗಾಲಿ ಬಣ್ಣದಲ್ಲಿ ಮುಳುಗಿ ತಿರುಗುತ್ತಾ ಅದನ್ನು ಮೇಲೆತ್ತುತ್ತದೆ, ಅಲ್ಲಿಂದ ಹುಲ್ಲಿಗೆ ಹತ್ತುತ್ತದೆ. ನೀರಲ್ಲಿ ಕಲಸುವ ಬಿಳಿ ಬಣ್ಣವನ್ನೇ ಬಳಸಿ. ಒಣಗಿದ ಮೇಲೆ ಸಣ್ಣ ಮಳೆಗೆ ಜಗ್ಗುವುದಿಲ್ಲ. ಮುಗಿದ ಕೂಡಲೇ ತೊಟ್ಟಿ, ಗಾಲಿ ತೊಳೆಯದಿದ್ದರೆ ಮುಂದಿನ ಸಲ ತಿರುಗುವುದೇ ಇಲ್ಲ. ಮಣ್ಣಿನ ಮೈದಾನವಾದರೆ ನಾಲ್ಕು ಮೂಲೆಗೆ ನೆಲಮಟ್ಟಕ್ಕೆ ಮರದ ಗೂಟ ಹೂತಿಡಿ. ಮಳೆ ನಿಂತ ಮೇಲೆ ಮತ್ತೆ ಅಳೆಯುವ ಕೆಲಸವಿಲ್ಲ, ಹತ್ತು ನಿಮಿಷದಲ್ಲಿ ಗಾಡಿ ಉರುಳಿಸಿ ಬರಬಹುದು.

ಅಪಾರ್ಟ್‌ಮೆಂಟಿನ ಕಾಂಕ್ರೀಟ್ ನೆಲದ ಮೇಲೆ ಬ್ಯಾಡ್ಮಿಂಟನ್ ಅಂಕಣ ಬರೆದೆವು. ಗೆರೆಯ ಅಂಚು ಗರಗಸದ ಹಾಗೆ ಬಂದಿದೆ.
— ಗೃಹಿಣಿ, ಬೆಂಗಳೂರು

ಅಂಟುಪಟ್ಟಿಯ ಕೆಳಗೆ ಬಣ್ಣ ಹರಿದಿದೆ. ಗೆರೆ 4 ಸೆಂ.ಮೀ. ಅಗಲವಿರಬೇಕು, ಅಷ್ಟು ಬಿಟ್ಟು ಎರಡೂ ಕಡೆ ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸಿ. ಬಿಳಿ ಬಳಿಯುವ ಮೊದಲು ನೆಲಕ್ಕೆ ಯಾವ ಬಣ್ಣವಿದೆಯೋ ಅದನ್ನೇ ಟೇಪಿನ ಅಂಚಿಗೆ ತೆಳ್ಳಗೆ ಒಂದು ಸಲ ಸವರಿ. ಸಂದಿಗೆ ಹರಿಯುವುದು ಆ ಬಣ್ಣವೇ, ಅದು ಕಾಣುವುದಿಲ್ಲ. ಅದು ಒಣಗಿದ ಮೇಲೆ ಸಣ್ಣ ರೋಲರಿನಲ್ಲಿ ಬಿಳಿ ಬಣ್ಣ, ಎರಡು ತೆಳು ಪದರ. ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ಕಿತ್ತುಬಿಡಿ.

ಕಬಡ್ಡಿ, ಖೋ-ಖೋ ಎರಡೂ ಮ್ಯಾಟ್ ಮೇಲೆ ಬಂದವು. ಇನ್ನು ಗೆರೆ ಗಾಡಿ ಏಕೆ?
— ಓದುಗ, ದಾವಣಗೆರೆ

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು ನಮ್ಮ ಗಂಡಸರೂ ಹೆಂಗಸರೂ ಗೆದ್ದಾಗ ನಾನು ಟಿ.ವಿ. ಮುಂದೆ ಕೂತು ಅತ್ತಿದ್ದೇನೆ. ಅದು ಮ್ಯಾಟ್ ಮೇಲಿನ ಆಟವೇ. ಆದರೆ ಮ್ಯಾಟ್ ಇಲ್ಲದ ಶಾಲೆಯ ಮಗು ಖೋ ಕೊಡುವುದನ್ನು ಕಲಿಯುವುದು ಮಣ್ಣಿನ ಮೇಲೆ. 30 ಸೆಂ.ಮೀ. ಚೌಕದಲ್ಲಿ ಕೂರುವುದು, ಗೆರೆ ದಾಟದೆ ಏಳುವುದು ಅಲ್ಲಿ ಮೈಗೆ ಹತ್ತಬೇಕು. ಆ ಚೌಕ ಒಂದು ದಿನ 30, ಇನ್ನೊಂದು ದಿನ 40 ಆದರೆ ಮೈಗೆ ಏನು ಹತ್ತೀತು?

ಜಾತ್ರೆಯಲ್ಲಿ ಸಿಗುವ ರಂಗೋಲಿ ಕೊಳವೆಯೂ ನಿಮ್ಮ ಗಾಡಿಯೂ ಒಂದೇ ತತ್ವವೇ?
— ಅಜ್ಜಿ, ನಂಜನಗೂಡು

ಒಂದೇ ಅಮ್ಮ. ಎರಡರಲ್ಲೂ ಉರುಳಿದಾಗ ಮಾತ್ರ ಪುಡಿ ಬೀಳುತ್ತದೆ. ನಿಮ್ಮದರಲ್ಲಿ ತೂತುಗಳು ಕೊಳವೆಯ ಮೈಮೇಲೇ ಇವೆ, ಹಾಗಾಗಿ ಗೆರೆಯ ಜೊತೆ ಚಿತ್ರವೂ ಬರುತ್ತದೆ. ಕೊಳವೆ 5 ಸೆಂ.ಮೀ. ದಪ್ಪವಿದ್ದರೆ 15.7 ಸೆಂ.ಮೀ.ಗೊಮ್ಮೆ ಅದೇ ಹೂವು ಮತ್ತೆ ಮೂಡುತ್ತದೆ. ಹೊಸ್ತಿಲ ಉದ್ದ ಅಳೆದು ನೋಡಿ, ಎಷ್ಟು ಹೂವು ಬರುತ್ತವೆ ಎಂದು ಮೊಮ್ಮಕ್ಕಳಿಗೆ ಮೊದಲೇ ಹೇಳಿಬಿಡಬಹುದು.