ನಾಡಿದ್ದು ಬೇಸ್ತವಾರ ಅಂದರೆ ಯಾವತ್ತು?

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಮನೆಮಂದಿಯೆಲ್ಲ ನಕ್ಕೆವು. ಬೇಜಾರು ಮಾಡಿಕೊಳ್ಳಬೇಡಿ. ನಕ್ಕಿದ್ದು ನಿಮ್ಮನ್ನು ನೋಡಿ ಅಲ್ಲ, ನಮ್ಮ ಮಾತು ನೋಡಿ.

ಆಗಿದ್ದು ಇಷ್ಟೇ ಅಲ್ವಾ? ಶನಿವಾರ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಪಕ್ಕದ ಕೇರಿಯವರು ಸಿಕ್ಕರು. "ನಾಡಿದ್ದು ಬೇಸ್ತವಾರ ನಮ್ಮನೇಲಿ ಸತ್ಯನಾರಾಯಣ ಪೂಜೆ, ಊಟಕ್ಕೆ ಬಂದ್ಬಿಡಿ" ಅಂದರು. ನೀವು ಬೆಂಗಳೂರಿನಲ್ಲಿ ಬೆಳೆದವರು, ವಾರಗಳನ್ನೆಲ್ಲ ಮಂಡೇ, ಟ್ಯೂಸ್‌ಡೇ ಅಂತಲೇ ಎಣಿಸಿದವರು. ನಾಡಿದ್ದು ಅಂದರೆ ನಾಳೆಯ ಮಾರನೇ ದಿನ, ಅಂದರೆ ಸೋಮವಾರ ಅಂತ ಲೆಕ್ಕ ಹಾಕಿದಿರಿ. ಲೆಕ್ಕ ಸರಿಯಾಗೇ ಇದೆ. ಬೇಸ್ತವಾರ ಅನ್ನೋದು ಪೂಜೆಯ ಇನ್ನೊಂದು ಹೆಸರಿರಬೇಕು ಅಂದುಕೊಂಡಿರಿ. ಸೋಮವಾರ ಅರ್ಧ ದಿನ ರಜೆ ಹಾಕಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಹೋದರೆ, ಅಂಗಳದಲ್ಲಿ ಅಜ್ಜಿ ಒಬ್ಬರೇ ಅಡಿಕೆ ಹರಡುತ್ತಾ ಕೂತಿದ್ದರು. ಅಜ್ಜಿ ಹಾಗೇ ಕಳಿಸಲಿಲ್ಲ, ತಂಬುಳಿ ಅನ್ನ ಬಡಿಸಿಯೇ ಕಳಿಸಿದರು. ಅದು ಬೇರೆ ಮಾತು.

ಮೊದಲು ಬೇಸ್ತವಾರ. ಅದು ಗುರುವಾರ. ಬೃಹಸ್ಪತಿವಾರ ಬಾಯಲ್ಲಿ ಸವೆದು ಸವೆದು ಬೇಸ್ತವಾರ ಆಗಿದೆ. ವಯಸ್ಸಾದವರು ಗುರುವಾರ ಅನ್ನೋದು ಕಡಿಮೆ. ಇದನ್ನು ಒಂದು ಸಲ ನೆನಪಿಟ್ಟುಕೊಂಡರೆ ಸಾಕು, ಮುಗೀತು.

ಕಷ್ಟ ಇರೋದು ನಾಡಿದ್ದರಲ್ಲಿ.

ಒಂದೇ ಮಾತು, ಎರಡು ಕೆಲಸ. ಸುಮ್ನೆ "ನಾಡಿದ್ದು ಬರ್ತೀನಿ" ಅಂದರೆ ನೀವು ಅಂದುಕೊಂಡ ಹಾಗೆ ನಾಳೆಯ ಮಾರನೇ ದಿನ. ಅದರ ಮುಂದಿನ ದಿನ ಆಚೆ ನಾಡಿದ್ದು. ಆದರೆ ನಾಡಿದ್ದಿನ ಬೆನ್ನಿಗೆ ವಾರದ ಹೆಸರು ಬಂತು ಅನ್ನಿ, ಆಗ ಅದು ಎಣಿಸೋ ಮಾತಲ್ಲ. "ನಾಡಿದ್ದು ಬೇಸ್ತವಾರ" ಅಂದರೆ ಇನ್ನು ಮೊದಲು ಬರೋ ಬೇಸ್ತವಾರ, ಅಷ್ಟೇ. ಅದು ಎರಡು ದಿನಕ್ಕೂ ಇರಬಹುದು, ಐದು ದಿನಕ್ಕೂ ಇರಬಹುದು. "ಮೊನ್ನೆ ಸೋಮವಾರ" ಅನ್ನೋದೂ ಹೀಗೇ. ನಿನ್ನೆಯ ಹಿಂದಿನ ದಿನ ಅಂತ ಅಲ್ಲ, ಇತ್ತೀಚೆಗೆ ಕಳೆದ ಸೋಮವಾರ ಅಂತ.

ನಾಳೆ ಕೂಡ ಹೀಗೇ ಉದ್ದ ಆಗುತ್ತೆ. ಆಷಾಢದ ಮಳೆಯಲ್ಲಿ ಒಲೆ ಮುಂದೆ ಕೂತು ನನ್ನ ಅತ್ತೆ, "ನಾಳೆ ದೀಪಾವಳಿಗೆ ಮಗಳು ಅಳಿಯ ಬರ್ತಾರೆ" ಅನ್ನುತ್ತಾರೆ. ದೀಪಾವಳಿ ಇನ್ನೂ ಮೂರು ತಿಂಗಳು ದೂರ. ಆದರೂ ಅದು ನಾಳೆ. ಬರೋದು ಖಂಡಿತ ಅಂತ ಗೊತ್ತಿದ್ದರೆ ಅದು ಎಷ್ಟು ದೂರ ಇದ್ದರೂ ನಾಳೆಯೇ ನಮಗೆ. ಬರೋದು ಖಂಡಿತ ಇಲ್ಲದ್ದಕ್ಕೂ ನಾಳೆ ಅನ್ನುತ್ತೇವೆ ಅನ್ನಿ. ಕಿರಾಣಿ ಅಂಗಡಿಯಲ್ಲಿ ಬೋರ್ಡು ನೋಡಿರ್ತೀರಲ್ಲ, "ಇಂದು ನಗದು, ನಾಳೆ ಉದ್ರಿ" ಅಂತ.

ನೀವು ಇನ್ನೊಂದು ಕೇಳಿದ್ದೀರಿ. ಇಲ್ಲಿ ಒಬ್ಬೊಬ್ಬರು ಒಂದೊಂದು ಥರ ಯಾಕೆ ಹೇಳ್ತಾರೆ ಅಂತ. ನಕ್ಷೆ ನೋಡಿದರೆ ಶಿವಮೊಗ್ಗ ಜಿಲ್ಲೆ ಯಾವ ರಾಜ್ಯದ ಗಡಿಯಲ್ಲೂ ಇಲ್ಲ. ಆದರೆ 1956ಕ್ಕೆ ಮುಂಚೆ ಇತ್ತು. ನಾವು ಮೈಸೂರು ಸಂಸ್ಥಾನ. ಇಲ್ಲಿಂದ ಕೂಗಳತೆಯ ಸಿದ್ದಾಪುರ, ಆ ಕಡೆ ಹಾನಗಲ್ಲು, ಎಲ್ಲ ಮುಂಬೈ ಪ್ರಾಂತ್ಯ. ಘಟ್ಟ ಇಳಿದರೆ ಕುಂದಾಪುರ, ಅದು ಮದ್ರಾಸು. ಜೋಗದಲ್ಲಿ ಹೊಳೆಯ ಈಚೆ ಮೈಸೂರು ಬಂಗಲೆ, ಆಚೆ ಬಾಂಬೆ ಬಂಗಲೆ ಅಂತ ಸುಮ್ನೆ ಹೆಸರು ಬಂದಿದ್ದಲ್ಲ. ಮೂರು ಸರ್ಕಾರಗಳ ಮೂಲೆ ಇದು. ಸರ್ಕಾರದ ಗಡಿ ಹೋಯಿತು, ಮಾತಿನ ಗಡಿ ಉಳಿಯಿತು.

ರಜೆ ದಿನ ಒಂದನ್ನೇ ತಗೊಳ್ಳಿ. ನಮ್ಮ ಶಾಲೆಯ ಪಟ್ಟಿಯಲ್ಲಿ ಭಾನುವಾರ. ಹಾನಗಲ್ಲಿನಿಂದ ಮದುವೆಯಾಗಿ ಬಂದ ನನ್ನ ತಮ್ಮನ ಹೆಂಡತಿಗೆ ಅದು ರವಿವಾರ. ಘಟ್ಟದ ಕೆಳಗಿನ ನೆಂಟರು ಬಂದರೆ ಆದಿತ್ಯವಾರ. ನನ್ನ ಅಜ್ಜಿಗೆ ಐತವಾರ. ಭಾನು, ರವಿ, ಆದಿತ್ಯ, ಎಲ್ಲ ಒಬ್ಬನೇ ಸೂರ್ಯ. ನಮ್ಮ ಮನೆಯ ಊಟದ ಪಂಕ್ತಿಯಲ್ಲಿ ಈ ನಾಲ್ಕೂ ಹೆಸರು ಒಂದೇ ಹೊತ್ತಿಗೆ ಕೇಳಿದ್ದೇನೆ. ಯಾರಿಗೂ ಗೊಂದಲ ಆಗಲ್ಲ, ಹೊರಗಿನವರಿಗೆ ಬಿಟ್ಟು.

ಹಾಗಂತ ನಮಗೆ ಏನೂ ಎಡವಟ್ಟು ಆಗಲ್ಲ ಅಂತ ತಿಳಿಯಬೇಡಿ. ನಮ್ಮನ್ನೂ ಬೀಳಿಸೋ ಒಂದು ಮಾತಿದೆ. "ಮುಂದಿನ." ಬರೋ ಗುರುವಾರ ಅಂದರೆ ಎಲ್ಲರಿಗೂ ಒಂದೇ ಅರ್ಥ. ಮುಂದಿನ ಗುರುವಾರ ಅಂದರೆ ಊರೇ ಎರಡು ಪಾಲು. ಅರ್ಧ ಜನಕ್ಕೆ ಅದು ಮೊದಲು ಬರೋ ಗುರುವಾರ. ಇನ್ನರ್ಧ ಜನಕ್ಕೆ ಈ ವಾರದ್ದು ಬಿಟ್ಟು ಅದರಾಚೆಯದು.

ನಾನು ಈ ಎರಡನೇ ಪಾಲಿನವನು. ನಾಲ್ಕು ವರ್ಷದ ಹಿಂದೆ ಒಂದು ಸೋಮವಾರ, ಅಡಿಕೆ ಗೊನೆ ಕೊಯ್ಯುವವನಿಗೆ "ಮುಂದಿನ ಗುರುವಾರ ಬಾ ಮಾರಾಯ" ಅಂದೆ. ನನ್ನ ಲೆಕ್ಕದಲ್ಲಿ ಇನ್ನು ಹತ್ತು ದಿನ ಇತ್ತು. ಅವನು ಮೂರೇ ದಿನಕ್ಕೆ ಬಂದ. ನಾನು ಬೆಳಗ್ಗೆಯೇ ಸೊಸೈಟಿ ಕೆಲಸ ಅಂತ ಪೇಟೆಗೆ ಹೋಗಿದ್ದೆ. ಮನೆಯವಳು ನಾನು ಹೇಳಿಯೇ ಹೋಗಿರಬೇಕು ಅಂದುಕೊಂಡು ಕಾಫಿ ಕೊಟ್ಟು ತೋಟಕ್ಕೆ ಕಳಿಸಿದ್ದಾಳೆ. ಮಧ್ಯಾಹ್ನ ಬಂದು ನೋಡಿದರೆ ಅಂಗಳದ ತುಂಬ ಹಸಿ ಗೊನೆ.

ನೀವು ಅಡಿಕೆ ಮಾಡದವರು, ಇದರ ಕಷ್ಟ ಗೊತ್ತಾಗಲಿಕ್ಕಿಲ್ಲ. ಕೊಯ್ದ ಹಸಿ ಅಡಿಕೆ ಯಾರಿಗೂ ಕಾಯುವುದಿಲ್ಲ. ಎರಡು ಮೂರು ದಿನದಲ್ಲಿ ಸುಲಿಯಬೇಕು, ಬೇಯಿಸಬೇಕು, ಒಣಗಲು ಹಾಕಬೇಕು. ಸುಲಿಯೋ ಹೆಂಗಸರಿಗೆ ನಾನು ಹೇಳಿದ್ದು ಅದರ ಮುಂದಿನ ವಾರಕ್ಕೆ. ಅವರು ಆವತ್ತು ಇನ್ನೊಬ್ಬರ ಚಪ್ಪರದಲ್ಲಿ ಕೂತಿದ್ದರು. ಕೊನೆಗೆ ನಾನು, ಮನೆಯವಳು, ತಮ್ಮ, ಅವನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಎಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಕೂತೆವು. ಎರಡು ರಾತ್ರಿ. ಮೆಟ್ಟುಗತ್ತಿ ನೋಡಿದ್ದೀರಾ? ಮಣೆಗೆ ಹುಗಿದ ಕತ್ತಿ, ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಅಡಿಕೆಯನ್ನು ಕತ್ತಿಗೆ ಒತ್ತಬೇಕು. ರೂಢಿ ಇರೋ ಹೆಂಗಸರು ಮಾತಾಡುತ್ತಲೇ ಟಕ್ ಟಕ್ ಅಂತ ಬಿಡಿಸಿ ಹಾಕುತ್ತಾರೆ. ನಾನು ಎರಡನೇ ರಾತ್ರಿ ಹೆಬ್ಬೆರಳು ಕೊಯ್ದುಕೊಂಡೆ, ಗುರುತು ಇನ್ನೂ ಇದೆ. ಮಗಳ ಬೆರಳೆಲ್ಲ ಅಡಿಕೆ ಚೊಗರಿಗೆ ಕಪ್ಪಾಗಿ, ಕಾಲೇಜಿಗೆ ಹೋಗಲ್ಲ ಅಂತ ಹಟ ಹಿಡಿದಳು.

ಕೊಯ್ಯುವವನನ್ನು ಕೇಳಿದೆ, ಯಾಕೋ ಹೀಗೆ ಮಾಡಿದೆ ಅಂತ. "ಮುಂದೆ ಬರೋ ಗುರುವಾರ ಮುಂದಿನ ಗುರುವಾರ ಅಲ್ದೆ, ಹಿಂದಿನ ಗುರುವಾರನಾ ಅಯ್ಯಾ?" ಅಂದ. ಇದಕ್ಕೆ ಏನು ಹೇಳೋದು? ಅವನದ್ದೂ ಕನ್ನಡವೇ.

ಆವತ್ತಿನಿಂದ ನಮ್ಮ ಮನೆಯಲ್ಲಿ "ಮುಂದಿನ" ಬಳಸೋದೇ ಇಲ್ಲ. ಹತ್ತಿರದ್ದಾದರೆ ಬರೋ ಗುರುವಾರ. ಅದರಾಚೆಯದಾದರೆ "ಬರೋ ಗುರುವಾರ ಬಿಟ್ಟು ಆಚೆ ಗುರುವಾರ." ಉದ್ದ ಆಯಿತು, ನಿಜ. ಎರಡು ರಾತ್ರಿ ಅಡಿಕೆ ಸುಲಿಯೋದಕ್ಕಿಂತ ಉದ್ದ ಅಲ್ಲ.

ಇನ್ನು "ಎಂಟು ದಿನ". ಇದು ನಿಮ್ಮಂಥ ಗಣಿತದ ಮೇಷ್ಟ್ರಿಗೆ ಜಾಸ್ತಿ ತಲೆ ತಿನ್ನುತ್ತೆ. ಟೈಲರ್ ಇವತ್ತು ಬಟ್ಟೆ ಇಸ್ಕೊಂಡು "ಎಂಟು ದಿನ ಬಿಟ್ಟು ಬನ್ನಿ" ಅಂದರೆ ಬುಧವಾರ ಹೋಗಬೇಡಿ. ಇವತ್ತು ಮಂಗಳವಾರ ಅಲ್ವಾ, ಮಂಗಳವಾರವೇ ಹೋಗಿ. ಇವತ್ತನ್ನೂ ಸೇರಿಸಿ ಎಣಿಸುತ್ತೇವೆ ನಾವು. ಮಂಗಳವಾರದಿಂದ ಮಂಗಳವಾರಕ್ಕೆ ಎಂಟು. ಹಾಗೇ ಹದಿನೈದು ದಿನ ಅಂದರೆ ಎರಡು ವಾರ, ನಿಮ್ಮ ಲೆಕ್ಕದ ಹದಿನಾಲ್ಕು. ಮೂರು ವಾರಕ್ಕೆ ಮಾತ್ರ ಇಪ್ಪತ್ತೆರಡು ದಿನ ಅಂತ ಯಾರೂ ಹೇಳಲ್ಲ, ಮೂರು ವಾರ ಅಂತಲೇ ಅನ್ನುತ್ತೇವೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ಟೈಲರ್ ಹೇಳಿದ ದಿನಕ್ಕೆ ಬಟ್ಟೆ ಕೊಡ್ತಾನಾ ಅಂತಲೂ ಕೇಳಬೇಡಿ.

ಸಾಗರದ ಮಾರಿಕಾಂಬಾ ಜಾತ್ರೆಗೂ ಇದೇ ಲೆಕ್ಕ. ಮೂರು ವರ್ಷಕ್ಕೊಮ್ಮೆ ಬರುತ್ತೆ, ಶಿರಸಿಯದ್ದು ಎರಡು ವರ್ಷಕ್ಕೊಮ್ಮೆ. ಎರಡೂ ಶುರುವಾಗೋದು ಮಂಗಳವಾರವೇ, ಅಮ್ಮನ ವಾರ ಅದು. ಒಂಬತ್ತು ದಿನ ನಡೆದು ಬುಧವಾರ ಮುಗಿಯುತ್ತೆ. 2020ರಲ್ಲಿ ಎರಡೂ ಜಾತ್ರೆ ಎರಡು ವಾರದ ಅಂತರದಲ್ಲಿ ಬಂದಿದ್ದವು. ಆಗ ಸಾಗರದ ಜಾತ್ರೆ ಮೊದಲ ದಿನ ಬಳೆ ಅಂಗಡಿಯವನು "ಮುಂದಿನ ಬುಧವಾರದವರೆಗೂ ಇರ್ತೀವಿ" ಅಂದದ್ದಕ್ಕೆ ನನ್ನ ನಾದಿನಿ ಮಾರನೇ ದಿನವೇ ಅಂಗಡಿ ಕೀಳ್ತಾರೆ ಅಂದುಕೊಂಡು, ಆ ನೂಕುನುಗ್ಗಲಲ್ಲಿ ಎರಡು ಡಜನ್ ಬಳೆ ಕೊಂಡಳು. ಮನೆಗೆ ಬರುವಷ್ಟರಲ್ಲಿ ಅರ್ಧ ಒಡೆದಿದ್ದವು.

ರಾತ್ರಿಯ ಲೆಕ್ಕವೂ ಒಂದಿದೆ. ಗಡಿಯಾರಕ್ಕೆ ಹನ್ನೆರಡು ಹೊಡೆದರೆ ದಿನ ಬದಲು. ಪಂಚಾಂಗಕ್ಕೆ ಹಾಗಲ್ಲ, ಸೂರ್ಯ ಹುಟ್ಟಿದ ಮೇಲೆಯೇ ಹೊಸ ವಾರ. ನಾವೂ ಪಂಚಾಂಗದ ಕಡೆಯವರೇ. ಶನಿವಾರ ರಾತ್ರಿ ಯಕ್ಷಗಾನ ಶುರುವಾದರೆ ಬೆಳಗಿನ ಜಾವ ನಾಲ್ಕಕ್ಕೂ ಅದು ಶನಿವಾರದ ಆಟ. ಆದರೆ ಬಸ್ಸಿನ ಟಿಕೆಟ್ ಗಡಿಯಾರದ ಕಡೆ. ರಾತ್ರಿ ಹನ್ನೆರಡು ದಾಟಿ ಹೊರಡೋ ಬಸ್ಸಿಗೆ ಸೀಟು ಮಾಡಿಸುವಾಗ ಮಾತ್ರ ತಾರೀಖು ಎರಡು ಸಲ ನೋಡಿ. ನಮ್ಮ ಕೇರಿಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಹಿಂದಿನ ರಾತ್ರಿಯೇ ಹೋಗಿದ್ದ ಬಸ್ಸಿಗೆ ಒಂದು ಗಂಟೆ ಕಾದು ನಿಂತಿದ್ದ.

ಹಾಗಾದರೆ ಸರಿಯಾಗಿ ಕೇಳೋದು ಹೇಗೆ ಅಂದಿರಲ್ಲ. ತಾರೀಖು ಕೇಳಿದರೆ ಹಳಬರು ಮುಖ ನೋಡ್ತಾರೆ. ಅವರಿಗೆ ದಿನ ಅಂದರೆ ಅಂಕಿ ಅಲ್ಲ, ಏನಾದರೊಂದು ನಡೆಯೋ ಗುರುತು. ಗದ್ದೆ ನೆಟ್ಟಿ ಯಾವಾಗ ಅಂದರೆ ಪುನರ್ವಸು ಮಳೆ ಹಿಡಿದ ಮೇಲೆ. ಸಾಲ ಯಾವಾಗ ವಾಪಸ್ ಅಂದರೆ ಭೂಮಿ ಹುಣ್ಣಿಮೆ ಕಳೀಲಿ. ವಾರದೊಳಗಿನ ದಿನಕ್ಕೆ ಗುರುತು ಸಂತೆ. ನಮ್ಮ ಪೇಟೆಯಲ್ಲಿ ವಾರಕ್ಕೊಂದು ಸಂತೆ, ಅದು ತಪ್ಪಲ್ಲ. ಹಾಗಾಗಿ ಯಾರಾದರೂ ಸೋಮವಾರ ಅಂದರೆ "ಸಂತೆಗೆ ಈಚೆ ಸೋಮವಾರವೋ, ಆಚೆ ಸೋಮವಾರವೋ?" ಅಂತ ಕೇಳಿ. ತಟ್ಟನೆ ಉತ್ತರ ಬರುತ್ತೆ. ಕೇಳಿದ ನಿಮ್ಮ ಬಗ್ಗೆ ಒಂದು ತೂಕ ಗೌರವವೂ ಜಾಸ್ತಿಯಾಗುತ್ತೆ, ಈ ಮೇಷ್ಟ್ರು ನಮ್ಮವರೇ ಅಂತ.

"ವಾರ" ಅನ್ನೋ ಮಾತಿನ ಬಗ್ಗೆಯೂ ಒಂದು ಎಚ್ಚರ. "ಇವತ್ತು ಯಾವ ವಾರ?" ಅಂದರೆ ಮೊದಲನೇ ವಾರ, ಎರಡನೇ ವಾರ ಅಂತ ಹೇಳಬೇಡಿ. ಸೋಮವಾರವೋ ಮಂಗಳವಾರವೋ ಅಂತ ಕೇಳಿದ್ದು. "ಇವತ್ತು ನಮ್ಮನೇಲಿ ವಾರ" ಅಂದರೆ ಆ ಮನೆಯ ದೇವರ ದಿನ, ಆವತ್ತು ಮೀನು ಮಾಂಸ ಇಲ್ಲ. ಅಂಥ ದಿನ ಮೀನು ಹಿಡಿದುಕೊಂಡು ಹೋಗಬೇಡಿ ಮತ್ತೆ.

ಪೂಜೆ ಮನೆಯವರು ನಿನ್ನೆ ರಾತ್ರಿಯೇ ಫೋನ್ ಮಾಡಿದ್ದರು. ಮೇಷ್ಟ್ರು ಬೇಜಾರು ಮಾಡಿಕೊಂಡರೇನೋ, ನೀವೊಂದು ಮಾತು ಹೇಳಿ ಅಂದರು. ಬಾಳೆಹಣ್ಣು ಅಜ್ಜಿ ದೇವರ ಕೋಣೆಯಲ್ಲಿ ತೆಗೆದಿಟ್ಟಿದ್ದಾರಂತೆ, ಪ್ರಸಾದದ ಸಪಾದಕ್ಕೆ ಅದನ್ನೇ ಹಾಕ್ತಾರಂತೆ. ಹಾಗಾಗಿ ಇನ್ನೊಂದು ಚಿಪ್ಪು ತರೋದು ಬೇಡ. ಇವತ್ತು ಮಂಗಳವಾರ. ಹೇಗೆ ಎಣಿಸಿದರೂ ತಪ್ಪಲ್ಲ ಈ ಸಲ. ನಾಡಿದ್ದು, ಬೇಸ್ತವಾರ, ಹನ್ನೆರಡೂವರೆಗೆ ಬನ್ನಿ.