ಸಹಿ ಹಾಕೋಕೆ ಮುಂಚೆ

ಮೈಸೂರಿನಿಂದ ಡಲ್ಲಾಸ್‌ಗೆ ಬಂದು ಮೂರು ತಿಂಗಳೂ ಆಗಿಲ್ಲ, ಆಗಲೇ ಕಷ್ಟದ ಪ್ರಶ್ನೆ ಕೇಳಿದ್ದೀಯ. ‘ಅಕ್ಕಾ, ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪ್ರಾರ್ಥನೆಗೆ ಅಂತ ಸಮಯ ಇಡುವ ಮಾತಿದೆಯಂತೆ. ಒಪ್ಪಿಗೆ ಪತ್ರ ಬಂದರೆ ಸಹಿ ಹಾಕಲಾ? ಪ್ರಾರ್ಥನೆ ತಾನೇ, ಒಳ್ಳೇದೇ ಅಲ್ವಾ?’

ಮಗಳ ಶಾಲೆ ಬಸ್ಸು, ಊಟದ ಡಬ್ಬಿ ಬಗ್ಗೆ ಚಿಂತೆ ಬೇಡ. ಮೊಸರನ್ನ ಕಳಿಸು. ತಿಂದರೆ ತಿಂದಳು, ಇಲ್ಲದಿದ್ದರೆ ವಾಪಸ್ ತರುತ್ತಾಳೆ.

ಪ್ರಾರ್ಥನೆ ವಿಷಯ ಹಾಗಲ್ಲ. ನಾವು ಬಿಸಿಲಲ್ಲಿ ಸಾಲಾಗಿ ನಿಂತು ಶ್ಲೋಕ, ನಾಡಗೀತೆ ಹೇಳಿ ಬೆಳೆದವರು. ಪಕ್ಕದಲ್ಲಿ ನಿಂತಿದ್ದ ಮುಸ್ಲಿಂ ಗೆಳತಿಗೆ ಏನನ್ನಿಸುತ್ತಿತ್ತೋ, ಒಂದು ದಿನವೂ ಕೇಳಲಿಲ್ಲ. ಇಲ್ಲಿ ಅದನ್ನೇ ಕೇಳಿ ಕೋರ್ಟಿಗೆ ಹೋದರು. ನ್ಯೂಯಾರ್ಕ್ ಶಾಲೆಗಳ ಪ್ರಾರ್ಥನೆ ಇಂಗ್ಲಿಷಿನಲ್ಲಿ ಬರೀ 22 ಪದ. ಸರ್ಕಾರ ಪ್ರಾರ್ಥನೆ ಬರೆದು ಮಕ್ಕಳಿಂದ ಹೇಳಿಸುವಂತಿಲ್ಲ ಅಂತ 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಗು ತಾನಾಗೇ ಕೈ ಮುಗಿದರೆ ಯಾರೂ ತಡೆಯುವುದಿಲ್ಲ. ಬೆಳಗ್ಗೆ ಅಮೆರಿಕದ್ದು, ನಮ್ಮ ಟೆಕ್ಸಾಸ್ ರಾಜ್ಯದ್ದು ಅಂತ ಎರಡು ಧ್ವಜಗಳಿಗೆ ಪ್ರತಿಜ್ಞೆ, ಒಂದು ನಿಮಿಷ ಮೌನ ಇರುತ್ತದಲ್ಲ, ಅದು ಬೇರೆ. ನೀನು ಹೇಳುತ್ತಿರುವುದು 2025ರ ಟೆಕ್ಸಾಸ್ ಕಾನೂನು. ಬೇಕೋ ಬೇಡವೋ ಅಂತ ಶಾಲಾ ಮಂಡಳಿ ಮತ ಹಾಕಬೇಕು. ಬೇಕು ಅಂದರೂ ಅಪ್ಪ ಅಮ್ಮನ ಸಹಿ ಇಲ್ಲದೆ ಮಗುವನ್ನು ಸೇರಿಸುವಂತಿಲ್ಲ. ಆ ಪತ್ರದಲ್ಲೇ, ಈ ವಿಷಯಕ್ಕೆ ಮುಂದೆ ಕೇಸು ಹಾಕುವ ಹಕ್ಕು ಬಿಟ್ಟುಕೊಟ್ಟಿದ್ದೇನೆ ಅಂತಲೂ ಇರುತ್ತದೆ.

ಸಹಿ ಅಂದಾಗ ನನ್ನ ಕಥೆ ಹೇಳಲೇಬೇಕು. ಬಂದ ಹೊಸತು, ಮಗ ಎರಡನೇ ಕ್ಲಾಸು, ಅಮ್ಮ ಊರಿಂದ ಬಂದಿದ್ದರು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕ್ಲಬ್, ಆಟ, ಕಥೆ, ತಿಂಡಿ ಅಂತ ಚೀಟಿ ತಂದ. ಒಗ್ಗರಣೆ ಸೀಯುತ್ತಿತ್ತು. ಒಲೆ ಪಕ್ಕದಲ್ಲೇ ನಿಂತು ಸಹಿ ಗೀಚಿದೆ.

ಮೂರನೇ ವಾರ ಬಂದವನೇ ದೇವರ ಮುಂದೆ ಕೂತಿದ್ದ ಅಜ್ಜಿಯನ್ನು ನೋಡಿ, ‘ಅಮ್ಮಾ, ಹೆಲ್ ಅಂದರೆ ಕನ್ನಡದಲ್ಲಿ ಏನು? ಅಜ್ಜಿ ಅಲ್ಲಿಗೆ ಹೋಗ್ತಾರಂತೆ, ಬೇಗ ಹೇಳಬೇಕು’ ಅಂದ. ಪಾಪ, ಅಜ್ಜಿಯನ್ನು ಉಳಿಸುವ ಆತುರ ಅವನಿಗೆ. ನಾನು ಹೇಳಲಿಲ್ಲ. ಆದರೆ ಅಮ್ಮನಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು.

ಮರುದಿನ ಸಿಟ್ಟಿನಿಂದ ಶಾಲೆಗೆ ಹೋದೆ. ಆಫೀಸಿನಾಕೆ ಸುಮ್ನೆ ಆ ಚೀಟಿ ಮುಂದಿಟ್ಟಳು. ‘ಬೈಬಲ್ ಪಾಠ’ ಅಂತ ಎರಡನೇ ಸಾಲಿನಲ್ಲೇ ಇತ್ತು, ಕೆಳಗೆ ನನ್ನ ಸಹಿ. ಬೇರೆ ಕ್ಲಬ್ಬುಗಳಿಗೆ ಜಾಗ ಕೊಟ್ಟರೆ ಇಂಥವಕ್ಕೂ ಕೊಡಬೇಕು ಅಂತ 2001ರಲ್ಲೇ ತೀರ್ಪಾಗಿದೆಯಂತೆ. ಯಾರ ಮೇಲೆ ಕೂಗಾಡಲಿ?

ಮಗನನ್ನು ಬಿಡಿಸಿದೆ. ಆದರೆ ಅವನು ಮನೆಯಲ್ಲಿದ್ದಾಗ ಅಮ್ಮ ಮತ್ತೆ ಗಂಟೆ ಬಾರಿಸಲಿಲ್ಲ. ಆರತಿ ಎತ್ತಿ ಸದ್ದಿಲ್ಲದೆ ಏಳುತ್ತಿದ್ದರು. ಊರಿಗೆ ಹೋಗುವ ತನಕ ಹಾಗೇ.

ಪತ್ರ ಬಂದರೆ ಸಹಿ ಹಾಕದೆ ಇಲ್ಲಿಗೆ ತಗೊಂಡು ಬಾ, ಭಾನುವಾರ ಕೂತು ಓದೋಣ. ಮಗಳನ್ನೂ ಕರ್ಕೊಂಡು ಬಾ, ಕೋಡುಬಳೆ ಮಾಡಿಟ್ಟಿದ್ದೇನೆ.